ಅಬ್ಬಾನ ಜಾವಾದಲ್ಲಿ ಯಾರ ಪಾಲು ಎಷ್ಟು?

ಹಟ್ಟಿಯ ನಮ್ಮ ಮನೆಯ ಹಿತ್ತಲಿನ ಬೇವಿನ ಮರದ ಕೆಳಗೆ ಒಂದು ಜಾವಾ ಮೋಟರ್ ಸೈಕಲ್ ಇಪ್ಪತ್ತೈದು ವರ್ಷಕ್ಕೂ ಮೀರಿ ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ ಗೋಡೆಗೆ ಒರಗಿ ಬಿದ್ದಿತ್ತು ಅನ್ನುವುದೇ ಸರಿ. ಸೀಟಿನ ಸ್ಪಂಜನ್ನು ಇಲಿಗಳು ಹೊತ್ತೊಯ್ದಿದ್ದವು. ಅಮ್ಮಿ ಅದರ ಹ್ಯಾಂಡಲ್ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಿದ್ದರು. ಮೊಮ್ಮಕ್ಕಳು ಬಂದಾಗ ಅದರ ಮೇಲೆ ಕೂತು ಬಾಯಿಂದಲೇ ಬುರ್ ಎಂದು ಓಡಿಸುತ್ತಿದ್ದವು. ಅದು ಯಾರದು ಎಂದು ಆಗ ಯಾರೂ ಕೇಳಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ಯಾರದು ಎಂದು ಕೇಳುವವರುಂಟೆ?

ಅಬ್ಬಾ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. 1969ರ ಮಾಡೆಲಿನ ಈ ಗಾಡಿಯನ್ನು 1978ರಲ್ಲಿ ಎರಡನೇ ಕೈಯಿಂದ ಕೊಂಡಿದ್ದರು. 1998ರಲ್ಲಿ ನಿವೃತ್ತರಾದರು, ಮಂಡಿ ನೋವು ಹೆಚ್ಚಿತು, ಕಿಕ್ ಹೊಡೆಯುವುದು ನಿಂತಿತು, ಗಾಡಿಯೂ ನಿಂತಿತು. 2011ರಲ್ಲಿ ಅವರು ತೀರಿಕೊಂಡಾಗ ಗುಜರಿಯವನೊಬ್ಬ ಬಂದು 2,500 ರೂಪಾಯಿಗೆ ಕೇಳಿದ್ದ. ಅಮ್ಮಿ ಬೇಡವೆಂದರು. ಆಕೆಯ ಬಟ್ಟೆಗಳಿಗೆ ಬೇರೆ ಜಾಗವಿರಲಿಲ್ಲ ಎಂದೇ ನಾವು ತಮಾಷೆ ಮಾಡಿದ್ದೆವು.

ಕಳೆದ ವರ್ಷ ನನಗೆ ಅದನ್ನು ಓಡಿಸಬೇಕೆಂಬ ಹುಚ್ಚು ಹಿಡಿಯಿತು. ಕಥೆ ಬರೆಯುವವನಿಗೆ ಕಥೆ ಹುಟ್ಟದ ಕಾಲದಲ್ಲಿ ಇಂಥ ಹುಚ್ಚುಗಳು ಬರುತ್ತವೆ. ಲಿಂಗಸುಗೂರಿನ ಹಳೆಯ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟ್ಯಾಂಕನ್ನು ಬೆರಳಿಂದ ಬಡಿದು ನೋಡಿ, "ಸಾಹೇಬ್ರ, ಇದು ಸತ್ತಿಲ್ಲ. ನೀವು ಮಾತಾಡ್ಸೋದು ಬಿಟ್ಟೀರಿ ಅಷ್ಟೇ" ಅಂದರು.

ಈ ಗಾಡಿ ನಮ್ಮ ನಾಡಿನದೇ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು, ಇರಾನಿ ಮನೆತನದ ಪಾರ್ಸಿಗಳು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಅಲ್ಲಿ ಗಾಡಿಗಳು ತಯಾರಾಗತೊಡಗಿದವು. 1973ರ ಹೊತ್ತಿಗೆ ಹೆಸರು ಯೆಜ್ದಿ ಎಂದಾಯಿತು. ಇರಾನಿನ ಯಜ್ದ್ ಊರಿನ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ ಹೊಡೆದ ಸಲಾಕೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಈ ಗುಟ್ಟು ಗೊತ್ತಿಲ್ಲದವರು ಜಾವಾ ಕದ್ದರೂ ಓಡಿಸಲಾರರು ಎಂದು ಅಬ್ಬಾ ನಗುತ್ತಿದ್ದರು.

ಎಂಜಿನ್ ಜಾಮ್ ಆಗಿತ್ತು. ಮಿಸ್ತ್ರಿ ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದರು. ಎಂಟು ದಿನ ಮುಟ್ಟಬೇಡಿ ಎಂದರು. ಒಂಬತ್ತನೆಯ ದಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಒಳಗಿನಿಂದ ಹಳೆಯ ಬಾಗಿಲು ತೆರೆದಂಥ ಸದ್ದು ಬಂತು. ಸುತ್ತಿಗೆಯಿಂದ ಹೊಡೆದಿದ್ದರೆ ಪಿಸ್ಟನ್ ಒಡೆದೇಹೋಗುತ್ತಿತ್ತಂತೆ. ಸಿಲಿಂಡರಿನಲ್ಲಿ ಗೀರು ಬಿದ್ದಿತ್ತು. ರಾಯಚೂರಿಗೆ ಒಯ್ದು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು ಹಾಕಿಸಿದೆವು. ಕ್ರ್ಯಾಂಕಿನ ಆಯಿಲ್ ಸೀಲುಗಳು ಕಲ್ಲಾಗಿದ್ದವು. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿದ್ದವು. ಟ್ಯಾಂಕಿನ ಒಳಗಿನ ತುಕ್ಕಿಗೆ ಹುಣಸೆ ನೀರು, ಸಣ್ಣ ಜಲ್ಲಿ ಹಾಕಿ ಇಬ್ಬರು ಹಿಡಿದು ಕುಲುಕಿದೆವು. ಮೂರು ಸಲ ಕೆಂಪು ನೀರು ಬಂತು, ನಾಲ್ಕನೆಯ ಸಲ ಸ್ವಲ್ಪ ತಿಳಿಯಾಯಿತು. ಕಾರ್ಬೋರೇಟರಿನ ಜೆಟ್ಟನ್ನು ಮಿಸ್ತ್ರಿ ವೈರಿನ ಒಂದೇ ಎಳೆಯಿಂದ ಚುಚ್ಚಿ, ಸೂರ್ಯನಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ ರೀತಿಯನ್ನು ನಾನು ಮರೆಯಲಾರೆ. ನನ್ನ ಉರ್ದು ಉಸ್ತಾದರು ಖತಾಬತ್ ತಿದ್ದುವಾಗ ಹಾಗೆ ನೋಡುತ್ತಿದ್ದರು.

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಬೆರೆಸಿ ಹಾಕಿ, ಪಾಯಿಂಟ್ ಸರಿಮಾಡಿ, ಇಪ್ಪತ್ತೋ ಮೂವತ್ತೋ ಕಿಕ್ ಆದ ಮೇಲೆ ಗಾಡಿ ಒಮ್ಮೆ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಮರುದಿನ ಕಂಡೆನ್ಸರ್ ಬದಲಿಸಿದೆವು. ಆಗ ಬಂತು ಆ ಸದ್ದು. ನೀಲಿ ಹೊಗೆಯಲ್ಲಿ ಹಿತ್ತಲು ಮುಳುಗಿತು. ಅಮ್ಮಿ ಒಳಗಿನಿಂದ ಬಂದು, ಯಾರನ್ನೋ ಹುಡುಕುವಂತೆ ಬಾಗಿಲಲ್ಲೇ ನಿಂತರು. ಮೊದಲ ಪಾಳಿ ಮುಗಿಸಿ ಅಬ್ಬಾ ಮನೆಗೆ ಬರುತ್ತಿದ್ದ ಹೊತ್ತು ಅದು.

ಒಟ್ಟು ಖರ್ಚು 62,000 ರೂಪಾಯಿ. ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಂದರ ನೆನಪಿನ ಬರಹವಾಗುತ್ತಿತ್ತು. ಆದರೆ ಬೆಂಗಳೂರಿನವರೊಬ್ಬರು ಫೋಟೋ ನೋಡಿ 1,60,000 ರೂಪಾಯಿಗೆ ಕೇಳಿದರು. ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು.

ಗಾಡಿ ನನ್ನದೆಂದೇ ನಾನು ತಿಳಿದಿದ್ದೆ. ಸಿಂಧನೂರಿನಲ್ಲಿರುವ ನನ್ನ ತಮ್ಮನೂ ಹಾಗೇ ಅಂದ. ಮೂಲೆಯಲ್ಲಿ ಬಿದ್ದದ್ದನ್ನು ನೀನು ಎಬ್ಬಿಸಿದೆ, ದುಡ್ಡು ಬೆವರು ನಿನ್ನದು, ನಮ್ಮದೇನಿದೆ ಎಂದ. ಅಷ್ಟೇ ಅಲ್ಲ, ಮದ್ರಸಾದಲ್ಲಿ ಕಲಿತದ್ದನ್ನೂ ನೆನಪಿಸಿದ. ಸತ್ತ ಭೂಮಿಯನ್ನು ಯಾರು ಬದುಕಿಸುತ್ತಾರೋ ಅದು ಅವರದಾಗುತ್ತದೆ ಎಂಬ ಅರ್ಥದ ಹದೀಸ್ ಇದೆ. ಫಿಕ್ಹ್‌ನಲ್ಲಿ ಇದಕ್ಕೆ ಇಹ್ಯಾ ಉಲ್ ಮವಾತ್ ಎನ್ನುತ್ತಾರೆ. ಇಂಗ್ಲೆಂಡಿನ ಜಾನ್ ಲಾಕ್ ಕೂಡ ಹದಿನೇಳನೆಯ ಶತಮಾನದಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದ. ಯಾರದೂ ಅಲ್ಲದ ವಸ್ತುವಿನಲ್ಲಿ ಮನುಷ್ಯ ತನ್ನ ಶ್ರಮ ಬೆರೆಸಿದರೆ ಅದು ಅವನ ಸೊತ್ತಾಗುತ್ತದೆ ಎಂಬುದು ಅವನ ವಾದ. ಎರಡೂ ನನಗೆ ಬಹಳ ಹಿಡಿಸಿದವು. ನಮಗೆ ಲಾಭವಾಗುವ ತತ್ವಗಳು ಬೇಗ ಹಿಡಿಸುತ್ತವೆ.

ಆದರೆ ಹಟ್ಟಿಯಲ್ಲಿ ಹುಟ್ಟಿದವನಿಗೆ ಈ ವಾದ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮೂರೇ ಇಂಥ ಪ್ರಶ್ನೆಯ ಮೇಲೆ ಕೂತಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಇಲ್ಲಿ ಬಂಡೆಗೆ ಬೆಂಕಿಯಿಟ್ಟು, ಸಿಡಿಸಿ, 600 ಅಡಿಗೂ ಆಳಕ್ಕೆ ಇಳಿದು ಚಿನ್ನ ತೆಗೆದರು. ಆಮೇಲೆ ಗಣಿ ಪಾಳುಬಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟಿಷ್ ಕಂಪನಿ ಬಂತು, ಅದೂ ಬಿಟ್ಟುಹೋಯಿತು. ನಿಜಾಮರ ಆಡಳಿತದಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಯಿತು. 1956ರಲ್ಲಿ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಪ್ರತಿಯೊಬ್ಬರೂ ಸತ್ತದ್ದನ್ನು ಎಬ್ಬಿಸಿದವರೇ. ಹಾಗೆಂದು ಮಲ್ಲಪ್ಪ ಶಾಫ್ಟಿನಲ್ಲಿ ಇಳಿದು ಬೆವರು ಹರಿಸಿದವರಿಗೆ ಚಿನ್ನ ಸಿಕ್ಕಿತೆ? ಒಂದು ಟನ್ ಕಲ್ಲು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ. ಅಬ್ಬಾ ಜೀವಮಾನವಿಡೀ ಆ ಯಂತ್ರಗಳನ್ನು ರಿಪೇರಿ ಮಾಡಿದರು, ಆಪಾಳ ಮದುವೆಗೆ ಚಿನ್ನವನ್ನು ಅಂಗಡಿಯಲ್ಲಿ ಸಾಲ ಮಾಡಿ ತಂದರು. ಶ್ರಮ ಬೆರೆಸಿದವನೇ ಒಡೆಯ ಎನ್ನುವುದಾದರೆ ಮೊದಲು ಅವರ ಲೆಕ್ಕ ಚುಕ್ತಾ ಆಗಬೇಕಿತ್ತು.

ಪಕ್ಕದ ಮಸ್ಕಿಯಲ್ಲೂ ಒಂದು ಪಾಠವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಅಲ್ಲಿನ ಬಂಡೆಯ ಶಾಸನವನ್ನು ಗುರುತಿಸಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ಅದು. ಚರಿತ್ರೆಯ ದೊಡ್ಡ ಗಂಟೊಂದು ಬಿಡಿಸಿಕೊಂಡಿತು. ಆದರೂ ಬಂಡೆ ಬೀಡನ್ನನ ಸೊತ್ತಾಗಲಿಲ್ಲ.

ಮತ್ತೆ ಹದೀಸಿನ ವಿಷಯಕ್ಕೆ ಬಂದೆ. ನಮ್ಮ ಜಾಮಿಯಾ ಮಸೀದಿಯ ಮೌಲಾನಾರನ್ನು ಕೇಳಿದೆ. ಅವರು ನಕ್ಕು, "ಆ ಜಮೀನು ಯಾರದೂ ಆಗಿರಬಾರದು, ಅದೇ ಅಸಲು ಷರತ್ತು. ನಿಮ್ಮ ಗಾಡಿಗೆ ವಾರಸುದಾರರು ಇದ್ದರಲ್ಲ?" ಎಂದರು. ಯಾರದೂ ಅಲ್ಲದ ಜಮೀನಿಗೂ ಆಡಳಿತಗಾರನ ಅನುಮತಿ ಬೇಕೆಂದು ಇಮಾಂ ಅಬೂ ಹನೀಫಾ ಹೇಳಿದ್ದರೆ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಬೇಡವೆಂದರು. ಗುರುಶಿಷ್ಯರ ಈ ಜಗಳದ ಹತ್ತಿರಕ್ಕೂ ನನ್ನ ಗಾಡಿ ಹೋಗಲಾರದು. ಅಬ್ಬಾ ಕಣ್ಣು ಮುಚ್ಚಿದ ಕ್ಷಣದಲ್ಲೇ ಅದು ನಾಲ್ವರದಾಗಿತ್ತು. ನಾವು ನಾಲ್ವರೂ ಸೇರಿ ಅದನ್ನು ಅಲಕ್ಷಿಸಿದ್ದೆವು, ಅಷ್ಟೇ. ಅಲಕ್ಷ್ಯದಿಂದ ಒಡೆತನ ಅಳಿಯುವುದಿಲ್ಲ.

ಮೈಸೂರಿನ ಕಾರ್ಖಾನೆಯ ಕಥೆಯಲ್ಲೂ ಇದೇ ಪ್ರಶ್ನೆ ಎದ್ದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ರಸ್ತೆಗೆ ಬಂದವು. ವರ್ಷಗಟ್ಟಲೆ ಬಳಸದೆ ಬಿಟ್ಟ ಯೆಜ್ದಿ ಎಂಬ ಹೆಸರು ಯಾರದು? 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅದು ಮುಚ್ಚಿಹೋದ ಐಡಿಯಲ್ ಜಾವಾದ ಸೊತ್ತು ಎಂದಿತು, ಅದರ ಮೇಲೆ ಮೇಲ್ಮನವಿಯೂ ಹೋಯಿತು. ದೊಡ್ಡವರಿಗೂ ಇದು ಸುಲಭದ ಪ್ರಶ್ನೆಯಲ್ಲ ಎಂದು ಓದಿ ಸ್ವಲ್ಪ ಸಮಾಧಾನಪಟ್ಟೆ.

ಅಂದಹಾಗೆ, ಪಿಸ್ಟನ್ನಿಂದ ಸೀಟಿನವರೆಗೆ ಎಲ್ಲ ಬದಲಾದ ಮೇಲೆ ಅದು ಅಬ್ಬಾನ ಗಾಡಿಯೇ ಹೌದೆ ಎಂದೂ ಕೇಳಬಹುದು. ಗ್ರೀಕರು ಒಂದು ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿ ಇದನ್ನೇ ಚರ್ಚಿಸಿದ್ದರಂತೆ. ಸಾರಿಗೆ ಕಚೇರಿಯ ಗುಮಾಸ್ತರಿಗೆ ಈ ಗೊಂದಲವಿಲ್ಲ. ಛಾಸಿ ನಂಬರ್ ಅದೇ ಇದ್ದರೆ ಗಾಡಿ ಅದೇ.

ಆ ಗುಮಾಸ್ತರೇ ನನ್ನನ್ನು ನಿಜವಾದ ಪ್ರಶ್ನೆಯ ಎದುರು ನಿಲ್ಲಿಸಿದವರು. ಆರ್.ಸಿ. ಅಬ್ಬಾನ ಹೆಸರಿನಲ್ಲಿತ್ತು. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಏನೇ ಮಾಡಿದರೂ ಮೊದಲು ಮಾಲೀಕ ಯಾರೆಂದು ತಿಳಿಯಬೇಕಲ್ಲ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ತನ್ನಿ ಎಂದರು. ಅಮ್ಮಿ ಹೆಬ್ಬೆಟ್ಟು ಒತ್ತಿದರು. ತಮ್ಮ ಸಹಿ ಮಾಡಿದ. ಆಪಾಳ ಸಹಿಗಾಗಿ ಮಸ್ಕಿಗೆ ಹೋದೆ.

ಆಪಾ ಚಹಾ ಕೊಟ್ಟಳು. ಕಾಗದ ಪೂರ್ತಿ ಓದಿದಳು. ಚಿಕ್ಕವಳಿದ್ದಾಗ ಆ ಗಾಡಿಯ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದವಳು ಅವಳೇ. ಪ್ಲಗ್ಗಿನ ಮಸಿಯನ್ನು ಉಜ್ಜುಕಾಗದದಿಂದ ತೆಗೆಯುವುದನ್ನು ಅಬ್ಬಾ ಮೊದಲು ಕಲಿಸಿದ್ದು ನನಗಲ್ಲ, ಅವಳಿಗೆ.

"ಹಾಕ್ತೀನಪಾ" ಅಂದಳು. "ಆವತ್ತೂ ಹಾಕಿದ್ದೆನಲ್ಲ."

ಅಷ್ಟೇ ಅಂದದ್ದು. ಆವತ್ತು ಎಂದರೆ 2011. ಅಬ್ಬಾ ತೀರಿಕೊಂಡು ನಲವತ್ತು ದಿನವೂ ಆಗಿರಲಿಲ್ಲ. ಮನೆ ಮತ್ತು ಹಿಂದಿನ ಖಾಲಿ ಜಾಗ ನಮ್ಮಿಬ್ಬರ ಹೆಸರಿಗೆ ಆಗಲೆಂದು ಅವಳ ಮುಂದೆ ಒಂದು ಕಾಗದ ಹಿಡಿದಿದ್ದೆವು. ಹಿರಿಯರೊಬ್ಬರು, ಆಕೆ ತನ್ನ ಹಕ್ಕನ್ನು ಮಾಫ್ ಮಾಡಿದಳು ಎಂದು ಮೆಚ್ಚಿ ಹೊಗಳಿದ್ದರು. ಅವಳು ಅಳುತ್ತ ಸಹಿ ಹಾಕಿದ್ದಳು. ಅಬ್ಬಾನಿಗಾಗಿ ಅಳುತ್ತಿದ್ದಾಳೆ ಎಂದು ನಾವು ಅಂದುಕೊಂಡೆವು. ಅದೂ ಇತ್ತು.

ನಮ್ಮ ಸಮುದಾಯದಲ್ಲಿ ಇದು ಎಷ್ಟು ಮನೆಗಳ ಕಥೆ! ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಧರ್ಮ ನಮ್ಮದೆಂದು ವೇದಿಕೆಯ ಮೇಲೆ ಎದೆಯುಬ್ಬಿಸುತ್ತೇವೆ. ತಂದೆತಾಯಿ ಬಿಟ್ಟುಹೋದದ್ದು ಸ್ವಲ್ಪವಿರಲಿ, ಹೆಚ್ಚಿರಲಿ, ಗಂಡಿಗೂ ಹೆಣ್ಣಿಗೂ ಪಾಲು ನಿಗದಿಯಾಗಿದೆ ಎಂಬುದನ್ನು ಸೂರಾ ಅನ್ನಿಸಾದ ಏಳನೆಯ ಆಯತ್ತಿನಲ್ಲಿ ಓದುತ್ತೇವೆ. ರೂಢಿಯ ಹೆಸರಿನಲ್ಲಿ ಹೆಣ್ಣಿನ ಹಕ್ಕು ತಪ್ಪಬಾರದು ಎಂಬ ಕಾಳಜಿಯೂ 1937ರ ಷರೀಅತ್ ಕಾಯ್ದೆಯ ಹಿಂದಿತ್ತು. ಆ ಕಾಯ್ದೆಯೂ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಉಳಿದದ್ದನ್ನು ನಾವು ಮಾಫ್ ಎಂಬ ಒಂದು ಪದದಿಂದ ಹೊರಗಿಡುತ್ತೇವೆ. ಪಾಲನ್ನು ಕೈಗೆ ಕೊಡದೆ ಬಾಯಿಂದ ಬಿಡಿಸಿಕೊಳ್ಳುವುದು ಸಲ್ಲದೆಂದು ಎಷ್ಟೋ ಉಲೆಮಾಗಳು ಹೇಳಿದ್ದಾರೆ. ಕೊಡಿ, ಆಕೆಯ ವಶಕ್ಕೆ ಬರಲಿ, ಆಮೇಲೆ ಖುಷಿಯಿಂದ ಹಿಂತಿರುಗಿಸಿದರೆ ಅದು ಬೇರೆ. ಕೈಗೆ ಬಂದ ಮೇಲೆ ಹಿಂತಿರುಗಿಸುವ ಸೋದರಿಯರು ಎಷ್ಟಿರಬಹುದೆಂದು ನಮಗೆ ಗೊತ್ತು. ಅದಕ್ಕೇ ನಾವು ಮೊದಲೇ ಕೇಳುತ್ತೇವೆ. ಬೇಡವೆಂದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ಆಕೆಗೂ ಗೊತ್ತು. ಹೀಗೆ ಹೆದರಿ ಕೊಟ್ಟ ಸಹಿಯನ್ನು ಪ್ರೀತಿ ಎಂದು ಕರೆದು ಹದಿಮೂರು ಈದ್‌ಗಳಿಗೆ ಆಕೆಗೆ ಸೀರೆ ಕೊಟ್ಟು ನಾನು ಉದಾರಿ ಅನ್ನಿಸಿಕೊಂಡಿದ್ದೆ.

ಬಸ್ಸಿನಲ್ಲಿ ಬರುವಾಗ ಸ್ಪೇರ್ ಪಾರ್ಟಿನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಫರಾಯಿಜ್ ಪ್ರಕಾರ ಅಮ್ಮಿಗೆ ಎಂಟನೆಯ ಒಂದು ಪಾಲು. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ಎರಡೆರಡು, ಆಪಾಳಿಗೆ ಒಂದು. ಅಂದರೆ ನಲವತ್ತು ಭಾಗ ಮಾಡಿದರೆ ಅಮ್ಮಿಗೆ 5, ನಮಗೆ 14ರಂತೆ, ಆಪಾಳಿಗೆ 7. ಗುಜರಿಯವನ 2,500ರಲ್ಲಿ ಅವಳ ಹಕ್ಕು 437 ರೂಪಾಯಿ 50 ಪೈಸೆ ಆಗುತ್ತಿತ್ತು. ಈಗ ನನ್ನ ಖರ್ಚು ಕಳೆದು ಉಳಿಯುವ 98,000ದಲ್ಲಿ 17,150. ನನ್ನ ಶ್ರಮಕ್ಕೆ ಕೂಲಿ ಹಿಡಿಯಬೇಕೆ ಎಂದು ಒಂದು ಕ್ಷಣ ಯೋಚಿಸಿ ಬಿಟ್ಟುಬಿಟ್ಟೆ. ಶ್ರಮ ಹೆಚ್ಚಾಗಿ ಮಿಸ್ತ್ರಿಯದು, ನಾನು ಟಾರ್ಚ್ ಹಿಡಿದವನು.

ಗಾಡಿಯ ಲೆಕ್ಕ ಸುಲಭ. ಬಿಲ್ಲಿನಲ್ಲಿ ಇನ್ನೂ ಜಾಗವಿತ್ತು, ಅಲ್ಲಿ ಮನೆಯ ಲೆಕ್ಕ ಬರೆಯಲು ಹೋಗಿ ಪೆನ್ನು ನಿಂತಿತು. ಗಾಡಿಯ ಮೇಲೆ ನಾನು ಮಲಗುವುದಿಲ್ಲ, ಮನೆಯಲ್ಲಿ ಮಲಗುತ್ತೇನೆ. 17,150 ಕೊಟ್ಟು ಸಜ್ಜನನಾಗುವ ಅವಕಾಶ ಕಣ್ಣೆದುರಿಗೇ ಇತ್ತು. ಅದನ್ನು ಕೊಟ್ಟರೆ ಆಪಾ ಏನೂ ಅನ್ನುತ್ತಿರಲಿಲ್ಲ. ಅವಳು ಏನೂ ಅನ್ನದಿರುವುದೇ ನಮ್ಮ ಇಷ್ಟು ವರ್ಷದ ಅನುಕೂಲ.

ಮರುವಾರ ತಮ್ಮನ ಹತ್ತಿರ ಮಾತು ತೆಗೆದೆ. ಖಾಲಿ ಜಾಗದಲ್ಲಿ ಅವನು ಎರಡು ಅಂಗಡಿ ಕಟ್ಟುವ ಯೋಚನೆಯಲ್ಲಿದ್ದ. "ಈಗ ಯಾಕ ಭಯ್ಯಾ ಅದೆಲ್ಲ? ಆಪಾ ಕೇಳ್ಯಾಳೇನು?" ಎಂದ. ಕೇಳಿಲ್ಲ ಎಂದೆ. ಅವನು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಬಕ್ರೀದ್ ಮುಗಿಯಲಿ, ಸರ್ವೇಯರನ್ನು ಕರೆಸೋಣ ಎಂದ. ಬೆಂಗಳೂರಿನವರಿಗೆ ಸದ್ಯಕ್ಕೆ ಮಾರುವುದಿಲ್ಲ ಎಂದು ತಿಳಿಸಿದ್ದೇನೆ.

ಆಪಾ ಸಹಿ ಹಾಕಿದ ಕಾಗದ ಇನ್ನೂ ನನ್ನ ಮೇಜಿನ ಮೇಲೆ ಇದೆ, ಕಚೇರಿಗೆ ಕೊಟ್ಟಿಲ್ಲ. ಹೋದ ಜುಮಾದ ದಿನ ಅವಳು ಹಟ್ಟಿಗೆ ಬಂದಿದ್ದಳು. ಹಿತ್ತಲಿಗೆ ಹೋಗಿ ಗಾಡಿಯ ಪ್ಲಗ್ ಬಿಚ್ಚಿಸಿ ನೋಡಿ, ಆಯಿಲ್ ಜಾಸ್ತಿ ಬೆರೆಸುತ್ತಿದ್ದೀ, ಮಸಿ ಕಟ್ಟಿದೆ ಎಂದಳು. ಅಮ್ಮಿ ಒರೆಸುವ ಬಟ್ಟೆ ಒಣಹಾಕಲು ಬೇರೆ ಜಾಗ ಹುಡುಕುತ್ತಿದ್ದರು.