ಮುಂಗೈಯ ಮೇಲಣ ಹಸಿರು

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಶುಶ್ರೂಷಾಶಾಸ್ತ್ರದ ಪದವಿಗೆ ಓದುತ್ತಿರುವಳು. ಕಳೆದ ಯುಗಾದಿಗೆ ಅವಳು ಮನೆಗೆ ಬಂದಾಗ ಬಲಮುಂಗೈಯ ಮೇಲೆ, ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಕ್ಕೆ, ಅಗಲವಾದ ಪ್ಲಾಸ್ಟರಿನ ಪಟ್ಟಿಯೊಂದು ಅಂಟಿಕೊಂಡಿದ್ದುದನ್ನು ಕಂಡು, ಗಾಯವೇನಾದರೂ ಆಯಿತೆ ಎಂದು ಕೇಳಿದೆ. ಗಾಯವಿರಲಿಲ್ಲ. ಪಟ್ಟಿಯ ಕೆಳಗಿದ್ದುದು ನನ್ನ ತಾಯಿಯ ತೋಳಿನ ಮೇಲೆ ನಾನು ಎಳವೆಯಿಂದ ಕಂಡಿದ್ದ ತುಳಸಿಕಟ್ಟೆ: ಮೂರು ಮೆಟ್ಟಿಲು, ಮೇಲೊಂದು ಗಿಡ, ಸುತ್ತ ಒಂಬತ್ತು ಚುಕ್ಕೆ. ಅಜ್ಜಿ ತೀರಿಕೊಂಡ ವರ್ಷ ಹಳೆಯ ಭಾವಚಿತ್ರವೊಂದನ್ನು ನೋಡಿ ಆ ಆಕೃತಿಯನ್ನು ಹುಡುಗಿ ತನ್ನ ಕೈಗೆ ಇಳಿಸಿಕೊಂಡಿದ್ದಳು. ವಾರ್ಡಿಗೆ ಹೋಗುವ ವಿದ್ಯಾರ್ಥಿನಿಯ ಮೈಮೇಲೆ ಹಚ್ಚೆ ಕಾಣತಕ್ಕದ್ದಲ್ಲವೆಂದು ಅವಳ ಕಾಲೇಜಿನವರು ವಿಧಿಸಿದುದರಿಂದ ಅದರ ಮೇಲೆ ಪಟ್ಟಿ ಬಿದ್ದಿತ್ತು.

ಆ ಹಬ್ಬದ ದಿನವೆಲ್ಲ ನನ್ನ ಮನಸ್ಸು ಆ ಪಟ್ಟಿಯ ಸುತ್ತಲೇ ಸುಳಿಯುತ್ತಿತ್ತು. ನನ್ನ ತಾಯಿಗೆ ಹಚ್ಚೆ ಹೊಯ್ದದ್ದು ಅವಳ ಒಂಬತ್ತನೆಯ ವಯಸ್ಸಿನಲ್ಲಿ. ಬುಟ್ಟಿ ಹೊತ್ತು ಊರಿಂದೂರಿಗೆ ಬರುತ್ತಿದ್ದ ಕೊರವಂಜಿಯೊಬ್ಬಳು ಜಗಲಿಯ ಮೇಲೆ ಕುಳಿತು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳನ್ನು ಕಟ್ಟಿ ಚುಚ್ಚುತ್ತಿದ್ದಾಗ, ಅಳುವ ಹುಡುಗಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರಂತೆ. ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬುದು ಆ ಕಾಲದವರಿಗೆ ತೋಚುವಂತೆಯೂ ಇರಲಿಲ್ಲ. ಆದರೆ ಮುಪ್ಪಿನಲ್ಲಿ ಆಕೆ ಆ ಹಸಿರನ್ನು ಬೆರಳಿಂದ ಸವರುತ್ತ, ಕೊರಳಿನ ಚಿನ್ನವನ್ನೂ ಉಟ್ಟ ಸೀರೆಯನ್ನೂ ಇದ್ದವರು ಬಿಚ್ಚಿಕೊಳ್ಳುವರು, ಇದೊಂದನ್ನು ಮಾತ್ರ ಯಾರೂ ಬಿಚ್ಚಲಾರರು ಎನ್ನುತ್ತಿದ್ದಳು. ಸತ್ತವರ ಜೊತೆಯಲ್ಲಿ ಹೋಗುವ ಒಡವೆ ಹಚ್ಚೆಯೊಂದೇ ಎಂಬ ಈ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲದೆ ಭಾರತದ ಅನೇಕ ಬುಡಕಟ್ಟುಗಳಲ್ಲಿಯೂ ಇರುವುದು.

ಕೈಯ ಮೇಲೆ ಗುರುತು ಇರಬೇಕೆ ಬೇಡವೆ ಎಂಬ ಪ್ರಶ್ನೆಯ ಹಿಂದೆ, ಆ ಕೈ ಯಾರದು ಎಂಬ ಹಿರಿದಾದ ಪ್ರಶ್ನೆ ನಿಂತಿರುವುದು. ಯೆಹೂದ್ಯರ ಧರ್ಮಗ್ರಂಥವಾದ ಲೇವಿಯ ಕಾಂಡದ 19ನೆಯ ಅಧ್ಯಾಯವು ಮೈಮೇಲೆ ಗುರುತು ಕೊರೆಯಿಸಿಕೊಳ್ಳುವುದನ್ನು ನಿಷೇಧಿಸುವುದು. ಇಸ್ಲಾಮಿನ ಬಹುಮಂದಿ ಧರ್ಮಶಾಸ್ತ್ರಜ್ಞರೂ ಅದನ್ನು ಒಪ್ಪುವುದಿಲ್ಲ. ದೇಹವು ಸೃಷ್ಟಿಕರ್ತನ ಸ್ವತ್ತಾದ ಕಾರಣ, ಅವನು ಕೊಟ್ಟುದನ್ನು ಮಾರ್ಪಡಿಸಲು ಮನುಷ್ಯನಿಗೆ ಅಧಿಕಾರವಿಲ್ಲವೆಂಬುದು ಅಲ್ಲಿ ಸಾಮಾನ್ಯವಾಗಿ ಹೇಳಲಾಗುವ ಕಾರಣ. ಇನ್ನು ನಮ್ಮಲ್ಲಿ ನೋಡಿದರೆ, ಆಷಾಢ ಶುದ್ಧ ಏಕಾದಶಿಯಂದು ಉಡುಪಿಯ ಕೃಷ್ಣಮಠದಲ್ಲಿಯೂ ಇತರ ಮಾಧ್ವಮಠಗಳಲ್ಲಿಯೂ ಹೋಮಾಗ್ನಿಯಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಭಕ್ತರು ಬರಿಯ ತೋಳಿಗೆ ಒತ್ತಿಸಿಕೊಳ್ಳುವರು. ಶ್ರೀವೈಷ್ಣವರಲ್ಲಿ ದೀಕ್ಷಾಕಾಲದ ಪಂಚಸಂಸ್ಕಾರಗಳಲ್ಲಿ ಮೊದಲನೆಯದೇ ಈ ತಾಪಸಂಸ್ಕಾರ. ದೇಹವು ಭಗವಂತನ ಸ್ವತ್ತಾದ ಕಾರಣ, ಒಡೆಯನ ಚಿಹ್ನೆಯನ್ನು ಅದರ ಮೇಲೆ ಧರಿಸುವುದು ದಾಸನಿಗೆ ಸಹಜವೆಂಬುದು ಇಲ್ಲಿಯ ಭಾವ. ಮೈ ನನ್ನದಲ್ಲವೆಂಬ ಒಂದೇ ನೆಲೆಯಿಂದ ಹೊರಟ ಎರಡು ದಾರಿಗಳು ಪರಸ್ಪರ ವಿರುದ್ಧವಾದ ಎರಡು ಊರುಗಳನ್ನು ಸೇರಿದುವು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಾದರೋ ಬಲಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆಯನ್ನು ಹಚ್ಚೆ ಹಾಕಿಸಿಕೊಂಡು, ಲೇವಿಯ ಕಾಂಡವನ್ನು ಓದುವವರಾಗಿದ್ದರೂ ಈ ಎರಡನೆಯ ದಾರಿಯಲ್ಲಿಯೇ ನಡೆದಿರುವರು.

ಇಂದಿನ ತರುಣರು ಹೇಳುವ ಮಾತು ಇವೆರಡಕ್ಕೂ ಹೊರಗಿನದು: ಮೈ ನನ್ನದು, ಗುರುತು ನನ್ನಿಚ್ಛೆ. ಒಂಬತ್ತು ವರ್ಷದ ನನ್ನ ತಾಯಿಯನ್ನು ಹಿಡಿದು ಕೂರಿಸಿದ ಆ ಇಬ್ಬರು ಹೆಂಗಸರನ್ನು ನೆನೆದಾಗ ಈ ಮಾತಿನ ಬೆಲೆ ನನಗೆ ತಿಳಿಯುವುದು. ಹೆಣ್ಣುಮಕ್ಕಳ ಮೈಯ ವಿಷಯದಲ್ಲಿ ಅವರ ಇಚ್ಛೆಯನ್ನು ಕೇಳುವ ಕಾಲ ಬಂದುದು ದೊಡ್ಡ ಪುಣ್ಯ. ಆದರೆ ಶುಶ್ರೂಷೆಯ ವೃತ್ತಿ ಈ ಮಾತನ್ನು ಇಡಿಯಾಗಿ ಹೇಳಗೊಡದೆಂದು ನನಗೆ ತೋರುವುದು. ದಾದಿಯ ಕೈ ಅವಳದೇ ಹೌದು. ಆದರೂ ನಡುರಾತ್ರಿಯಲ್ಲಿ ಜ್ವರದಿಂದ ಬೇಯುವವನ ಹಣೆಯ ಮೇಲೆ ಅದು ಇಳಿದಾಗ, ಏಳಲಾರದವನ ಬೆನ್ನಿನ ಹುಣ್ಣನ್ನು ತೊಳೆಯುವಾಗ, ಅಷ್ಟು ಹೊತ್ತಿನ ಮಟ್ಟಿಗೆ ಆ ಕೈಯ ಮೇಲೆ ರೋಗಿಗೂ ಒಂದು ಹಕ್ಕು ಹುಟ್ಟುವುದು. ಆ ಕೈಯನ್ನು ಅವನು ಆರಿಸಿಕೊಂಡವನಲ್ಲ. ಬೇಡವೆನ್ನುವ ಶಕ್ತಿಯೂ ಅನೇಕ ವೇಳೆ ಅವನಿಗೆ ಇರುವುದಿಲ್ಲ. ಹೀಗಾಗಿ ದಾದಿಯು ಧರ್ಮವಂತರ ಹಳೆಯ ನೆಲೆಗೆ, ಮೈ ಪೂರ್ತಿಯಾಗಿ ನನ್ನದಲ್ಲವೆಂಬ ನೆಲೆಗೆ, ತಾನರಿಯದೆಯೇ ಬಂದು ನಿಲ್ಲುವಳು.

ಈ ನೆಲೆಯಿಂದಲೂ ಎರಡು ದಾರಿಗಳು ಹೊರಡುವುವು. ಕಾಲೇಜಿನವರು ಗುರುತನ್ನು ಮುಚ್ಚಿಸುವ ದಾರಿಯನ್ನು ಹಿಡಿದರು. ಅವರ ಆತಂಕವನ್ನು ನಾನು ಹಗುರಾಗಿ ಕಾಣಲಾರೆ: ಹಸಿ ಹಚ್ಚೆಯು ತೆರೆದ ಗಾಯವಾಗಿರುವುದರಿಂದ ಅದು ಮಾಯುವ ತನಕ ವಾರ್ಡಿಗೆ ಹೋಗುವುದು ಸರಿಯಲ್ಲ, ಶುಚಿಯಿಲ್ಲದ ಸೂಜಿಯಿಂದ ಕಾಮಾಲೆಯ ವೈರಾಣುಗಳು ಬರುವುದು ನಿಜ. ಆದರೆ ಮಾಯ್ದ ಹಚ್ಚೆಯಿಂದ ಯಾರಿಗೂ ಸೋಂಕು ತಗುಲದು. ಅದನ್ನು ಮುಚ್ಚುವ ಪಟ್ಟಿಯಾದರೋ ಕೈತೊಳೆದಾಗಲೆಲ್ಲ ನೆನೆದು, ಅಂಚು ಬಿಟ್ಟು, ತಾನೇ ಮಲಿನವಾಗುವುದು. ಸೋಪು ನೀರಿನಿಂದ ಒಮ್ಮೆ ಕೈತೊಳೆಯಲು 40ರಿಂದ 60 ಸೆಕೆಂಡುಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ದಿನವೊಂದರಲ್ಲಿ ಎಷ್ಟೋ ಬಾರಿ ಹೀಗೆ ತೊಳೆಯುವ ಕೈ ಬರಿದಾಗಿರುವುದೇ ಕ್ಷೇಮ. ಈ ಕಾರಣದಿಂದಲೇ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2007ರ ಸೂಚನೆಯ ಅನಂತರ, ರೋಗಿಯನ್ನು ಮುಟ್ಟುವವರು ಮೊಳಕೈಯಿಂದ ಕೆಳಗೆ ತೋಳುಡುಗೆಯನ್ನಾಗಲಿ ಗಡಿಯಾರವನ್ನಾಗಲಿ ಧರಿಸಬಾರದೆಂಬ ಕ್ರಮ ಬಂದಿತು. ನಮ್ಮ ಕಡೆಯಿಂದ ಆ ದೇಶಕ್ಕೆ ದಾದಿಯರಾಗಿ ಹೋಗುವ ಹುಡುಗಿಯರು ಮುಂಗೈಯನ್ನು ತೆರೆದೇ ದುಡಿಯುವರು.

ಹಚ್ಚೆ ಮೈಯಲ್ಲಿ ನಿಲ್ಲುವ ಬಗೆಯನ್ನು ಹುಡುಗಿಯೇ ನನಗೆ ವಿವರಿಸಿದಳು. ಹೊರದೊಗಲು ಸವೆದು ಉದುರಿ, ತಿಂಗಳು ಎರಡು ತಿಂಗಳಲ್ಲಿ ಹೊಸದಾಗುವುದು; ಮಸಿ ಉಳಿಯುವುದು ಅದರ ಅಡಿಯ ಒಳದೊಗಲಿನಲ್ಲಿ. ಅಲ್ಲಿ ಪರಕೀಯ ವಸ್ತುವನ್ನು ನುಂಗುವ ಜೀವಕೋಶಗಳು ಮಸಿಯ ಕಣಗಳನ್ನು ತಮ್ಮೊಳಗೆ ಇಟ್ಟುಕೊಳ್ಳುವುವು. ಆ ಕೋಶ ಸತ್ತಾಗ ಚೆಲ್ಲಿದ ಮಸಿಯನ್ನು ಪಕ್ಕಕ್ಕೆ ಬಂದ ಹೊಸ ಕೋಶವೊಂದು ಎತ್ತಿಕೊಳ್ಳುವುದೆಂದು, ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದರಂತೆ. ಅಚಲವೆಂದು ನಾವು ತಿಳಿದ ಗುರುತು, ಪಾಳಿ ಮುಗಿಸಿ ಹೋಗುವ ದಾದಿ ಬರುವವಳಿಗೆ ರೋಗಿಯನ್ನು ಒಪ್ಪಿಸುವಂತೆ, ಸಾಯುವ ಕೋಶದಿಂದ ಬದುಕುವ ಕೋಶಕ್ಕೆ ಒಪ್ಪಿಸಲ್ಪಡುತ್ತ ಬಂದುದು. ನನ್ನ ತಾಯಿಯ ತೋಳಿನಿಂದ ಮೊಮ್ಮಗಳ ತೋಳಿಗೆ ಬಂದುದೂ ಹೀಗೆಯೇ ಅಲ್ಲವೆ ಎಂದು ನನಗೆ ತೋರಿ, ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಸೋಂಕಿನ ಮಾತು ತೀರಿದ ಮೇಲೆ ಉಳಿಯುವುದು ನೋಡುವವನ ಮನಸ್ಸು, ಗುರುತುಳ್ಳ ಮೈ ಅವನಿಗೆ ಹೇಗೆ ಕಾಣುವುದೆಂಬುದು. ವೈಷ್ಣವರು ಪೂಜಿಸುವ ದೇವರ ಮೈಯೇ ಗುರುತಿಲ್ಲದ್ದಲ್ಲ. ತ್ರಿಮೂರ್ತಿಗಳಲ್ಲಿ ಹಿರಿಯನಾರೆಂದು ಪರೀಕ್ಷಿಸಲು ಹೊರಟ ಭೃಗು ಮಹರ್ಷಿ ಮಲಗಿದ್ದ ವಿಷ್ಣುವಿನ ಎದೆಗೆ ಒದೆಯಲು, ಎಚ್ಚೆತ್ತ ವಿಷ್ಣು ಋಷಿಯ ಪಾದವನ್ನು ಒತ್ತುತ್ತ, ತನ್ನ ಗಟ್ಟಿಯಾದ ಎದೆ ತಗುಲಿ ಆ ಕಾಲಿಗೆ ನೋವಾಯಿತೇನೋ ಎಂದು ಕಳವಳಪಟ್ಟನೆಂಬ ಪುರಾಣಕಥೆಯನ್ನು ನಾವೆಲ್ಲ ಬಲ್ಲೆವು. ಆ ಹೆಜ್ಜೆಯ ಗುರುತು ಭೃಗುಲಾಂಛನವೆನಿಸಿ ದೇವರ ಎದೆಯ ಮೇಲೆ ಉಳಿಯಿತೆಂದು ಭಕ್ತರು ನಂಬುವರು. ನಾನು ಮತ್ತೆ ಮತ್ತೆ ನೆನೆಯುವುದು ಒದೆಸಿಕೊಂಡವನು ಒದ್ದವನ ಪಾದವನ್ನು ಹಿಡಿದುಕೊಂಡ ಆ ಕ್ಷಣವನ್ನು. ಸನ್ನಿಯಲ್ಲಿ ಕೈಕಾಲು ಬೀಸುವ ರೋಗಿಯಿಂದ ಪೆಟ್ಟು ತಿಂದು, ಅವನ ಕೈಗೇ ನೋವಾಯಿತೆಂದು ಹಿಡಿದು ನೋಡುವ ದಾದಿಯರನ್ನು ಆಸ್ಪತ್ರೆಯಲ್ಲಿ ಮಲಗಿದವರೆಲ್ಲ ಕಂಡಿರುವರು. ಅಂತಹ ಮೈಯ ಮೇಲಣ ಗುರುತನ್ನು ನೋಡುವವನು ಆ ಕೈಯ ನಡತೆಯಿಂದಲೇ ಓದಿಕೊಳ್ಳುವನು. ಶರಣರು ಲಾಂಛನವನ್ನು ಗೌರವಿಸಿಯೂ ಆಚಾರವಿಲ್ಲದ ಲಾಂಛನಧಾರಿಯನ್ನು ನಿಷ್ಠುರವಾಗಿ ಖಂಡಿಸಿದುದು ಇದೇ ತಿಳಿವಿನಿಂದ.

ಹಾಗೆಂದು ಮುಚ್ಚುವುದೆಲ್ಲ ತಪ್ಪೆಂದು ನಾನು ಹೇಳಲಾರೆ. ಹುಡುಗಿಯ ಸಹಪಾಠಿಯೊಬ್ಬಳ ಬಲಮಣಿಕಟ್ಟಿನ ಮೇಲೆ ಚೇಳಿನ ಹಚ್ಚೆ ಇರುವುದಂತೆ. ಅದೂ ನಮ್ಮ ಹಳೆಯ ಹಚ್ಚೆಗಳಲ್ಲಿ ಬರುವ ಆಕೃತಿಯೇ. ಮಕ್ಕಳ ವಾರ್ಡಿನಲ್ಲಿ ಐದು ವರ್ಷದ ಬಾಲಕನೊಬ್ಬ ಅದನ್ನು ಕಂಡು ಕಿರುಚಿ, ಔಷಧವನ್ನು ಒಲ್ಲೆನೆಂದನು. ಎಡಗೈಯಿಂದ ಕೊಟ್ಟರೆ ಮಗುವಿನ ತಾಯಿ ನೊಂದುಕೊಳ್ಳುವಳು. ಕಳಚಿದ ಪಟ್ಟಿಯ ಬದಲಿಗೆ ಬೇರೊಂದು ಆಗ ಕೈಗೆ ಸಿಕ್ಕಲಿಲ್ಲ. ಆ ವಿದ್ಯಾರ್ಥಿನಿ ಕರವಸ್ತ್ರವನ್ನು ಮಣಿಕಟ್ಟಿಗೆ ಸುತ್ತಿ, ಚೇಳು ನಿದ್ದೆಹೋಯಿತು ಎಂದು ಹೇಳಿ ಔಷಧ ಕುಡಿಸಿದಳು. ಬಳಿಕ ಅದನ್ನು ಬಿಚ್ಚಿ ಕೈ ತೊಳೆದು, ಮುಂದಿನ ಹಾಸಿಗೆಗೆ ಹೋದಳು. ಅವಳು ಬಾಗಿದುದು ಮಗುವಿನ ಭಯಕ್ಕೆ. ಆ ಮುಚ್ಚಿನಲ್ಲಿ ನಾಚಿಕೆಯ ಲೇಶವೂ ಇರಲಿಲ್ಲ. ಮನುಷ್ಯಶರೀರದಲ್ಲಿ ಯಾವುದನ್ನೂ ಕಂಡು ಹೇಸಬಾರದೆಂದು ಕಲಿಸುವ ವಿದ್ಯಾಲಯ, ಕಲಿಯಲು ಬಂದ ಹುಡುಗಿಯ ಮೈಯನ್ನೇ ಕಂಡು ಮುಖ ತಿರುಗಿಸುವಾಗ ಹೊದಿಸುವ ಮುಚ್ಚು ಬೇರೆ.

ಹಬ್ಬ ಮುಗಿಸಿ ಹೊರಡುವಾಗ ಹುಡುಗಿ ಪಟ್ಟಿಯ ಬಿಟ್ಟ ಅಂಚನ್ನು ಬೆರಳಿಂದ ಒತ್ತಿ ಕೂರಿಸುತ್ತಿದ್ದಳು. ಇದು ಯಾವ ಬಗೆಯ ಮುಚ್ಚು ಎಂದು ನಾನು ಕೇಳಿದೆ. ಅವಳು ಕೊಂಚ ಯೋಚಿಸಿ, "ಕೆಲವು ಹಾಸಿಗೆಗಳ ಹತ್ತಿರ ನನ್ನದು ಮಾಮ, ಉಳಿದ ಕಡೆಯೆಲ್ಲ ಕಾಲೇಜಿನದು" ಎಂದಳು.