‘ತಪ್ಪಾಯ್ತು’ ಎನ್ನಲು ಕಲಿಸಬಹುದೇ?

ಈಚಿನ ವರ್ಷಗಳಲ್ಲಿ ಶಾಲೆಗಳಿಂದ ಮನೆಗೆ ಬರುವ ಸುತ್ತೋಲೆಗಳಲ್ಲಿ ಹೊಸದೊಂದು ಪದಪುಂಜ ಕಾಣಿಸಿಕೊಳ್ಳುತ್ತಿದೆ: ‘ಸಾಮಾಜಿಕ ಹಾಗೂ ಭಾವನಾತ್ಮಕ ಕೌಶಲಗಳು’. ಗಣಿತಕ್ಕೆ, ವಿಜ್ಞಾನಕ್ಕೆ ಇರುವಂತೆ ಇದಕ್ಕೂ ಒಂದು ಪೀರಿಯಡ್ಡು, ಒಂದು ಪುಸ್ತಕ, ಕೆಲವೆಡೆ ಒಂದು ಗ್ರೇಡು ಸಹ ಉಂಟು. ವಿಚಾರ ನಿನ್ನೆ ಮೊನ್ನೆಯದಲ್ಲ. 1990ರಲ್ಲಿ ಪೀಟರ್ ಸ್ಯಾಲೊವಿ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ‘ಭಾವನಾತ್ಮಕ ಬುದ್ಧಿಮತ್ತೆ’ಯನ್ನು ಕುರಿತು ಬರೆದರು, 1995ರಲ್ಲಿ ಡೇನಿಯಲ್ ಗೋಲ್ಮನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದೇ ಜಾಡಿನಲ್ಲಿ ಹದಿಹರೆಯದ ವಿದ್ಯಾರ್ಥಿಗಳಿಗೆ ಪಾಠಗಳನ್ನು ಸಿದ್ಧಪಡಿಸಿತು. ದೆಹಲಿ ಸರ್ಕಾರ 2018ರ ಜುಲೈ ತಿಂಗಳಲ್ಲಿ ತನ್ನ ಶಾಲೆಗಳಲ್ಲಿ ‘ಸಂತೋಷದ ಪಠ್ಯಕ್ರಮ’ವನ್ನು ಆರಂಭಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಕ್ಕಳ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಯನ್ನು ಶಿಕ್ಷಣದ ಗುರಿಗಳಲ್ಲಿ ಸೇರಿಸಿದೆ.

ಇದನ್ನು ಕೇಳಿದ ಹಿರಿಯರು ನಗುತ್ತಾರೆ. “ನಮ್ಮ ಕಾಲದಲ್ಲಿ ಇದಕ್ಕೆಲ್ಲ ಪೀರಿಯಡ್ಡು ಎಲ್ಲಿತ್ತು ಸ್ವಾಮಿ? ಹತ್ತು ಜನರಿರುವ ಮನೆಯೇ ಪಾಠಶಾಲೆಯಾಗಿತ್ತು” ಎನ್ನುತ್ತಾರೆ. ಅವರ ಮಾತು ಅರ್ಧ ಸತ್ಯ. ಹತ್ತು ಜನರಿದ್ದ ಆ ಮನೆ ಹಂಚಿಕೊಂಡು ತಿನ್ನುವುದನ್ನು ಕಲಿಸಿತು, ನಿಜ. ಅಳುವನ್ನು ನುಂಗುವುದನ್ನೂ, ದೊಡ್ಡವರ ಹೆಜ್ಜೆಯ ಸದ್ದಿಗೆ ನಡುಗುವುದನ್ನೂ ಅದೇ ಮನೆ ಕಲಿಸಿತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನಾವು ಎಷ್ಟು ಬಾರಿ ಬೆತ್ತ ಕೈಯಲ್ಲಿ ಹಿಡಿದೇ ಹೇಳಿಲ್ಲ! ಆದುದರಿಂದ ಹಳೆಯ ಮನೆಯನ್ನು ಹೊಗಳಿ ಹೊಸ ಪಾಠವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ದಯೆ, ತಾಳ್ಮೆ, ಪಶ್ಚಾತ್ತಾಪ ಇವು ಈಜುವಂತೆ, ಸೈಕಲ್ ತುಳಿಯುವಂತೆ ಕಲಿಸಬಹುದಾದ ಕೌಶಲಗಳೇ?

ಚಿಕ್ಕದೊಂದು ಸಂಗತಿಯನ್ನೇ ತೆಗೆದುಕೊಳ್ಳೋಣ. ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಇದು ಆಗಾಗ ನಡೆಯುವುದುಂಟು. ಏಳು ವರ್ಷದ ಒಬ್ಬ ಹುಡುಗ ಇನ್ನೊಬ್ಬನ ಬಣ್ಣದ ಪೆನ್ಸಿಲನ್ನು ಕಿತ್ತುಕೊಂಡು ಮುರಿದಿದ್ದಾನೆ. ಪೆನ್ಸಿಲಿನ ಒಡೆಯ ಅಳುತ್ತಿದ್ದಾನೆ. ಮುರಿದವನ ತಾಯಿ ನಾಲ್ಕು ಜನರ ಮುಂದೆ ನಾಚಿಕೆಯಿಂದ ಕೆಂಪಾಗಿ, ಮಗನ ಭುಜವನ್ನು ಹಿಡಿದು “ಸಾರಿ ಹೇಳು, ಮೊದಲು ಸಾರಿ ಹೇಳು” ಎನ್ನುತ್ತಾಳೆ. ಹುಡುಗ ಆಕಾಶದ ಕಡೆ ನೋಡುತ್ತ “ಸಾರಿ” ಎಂದು ಉಸುರಿ ಓಡಿಬಿಡುತ್ತಾನೆ. ತಾಯಿಗೆ ಸಮಾಧಾನ, ಸುತ್ತಲಿನವರಿಗೂ ಸಮಾಧಾನ. ಅಳುತ್ತಿದ್ದವನು ಮಾತ್ರ ಮುರಿದ ಎರಡು ತುಂಡುಗಳನ್ನು ಹಿಡಿದುಕೊಂಡು ಅಲ್ಲೇ ನಿಂತಿರುತ್ತಾನೆ.

ಓಡಿಹೋದ ಮಗು ಕಲಿತದ್ದೇನು? ಎರಡಕ್ಷರದ ಒಂದು ಮಾತಿನಿಂದ ಲೆಕ್ಕ ಚುಕ್ತಾ ಆಗುತ್ತದೆ ಎಂಬುದನ್ನು. ಇದೂ ಒಂದು ಸಾಮಾಜಿಕ ಕೌಶಲವೇ, ಸಂದೇಹವಿಲ್ಲ.

ಕೌಶಲಕ್ಕೂ ಸದ್ಗುಣಕ್ಕೂ ಇರುವ ವ್ಯತ್ಯಾಸವನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಬಹು ಸೂಕ್ಷ್ಮವಾಗಿ ಗುರುತಿಸಿದ್ದಾನೆ. ಕುಶಲಕಲೆಯಲ್ಲಿ ಬೇಕೆಂದೇ ತಪ್ಪು ಮಾಡುವವನು ತಿಳಿಯದೆ ತಪ್ಪು ಮಾಡುವವನಿಗಿಂತ ಮೇಲು. ವಿವೇಕ ಮತ್ತು ಸದ್ಗುಣಗಳ ವಿಷಯದಲ್ಲಿ ಅದು ತಿರುಗುಮುರುಗು. ನಮ್ಮ ಅನುಭವಕ್ಕೆ ತಂದು ಹೇಳುವುದಾದರೆ, ಒಳ್ಳೆಯ ಗಾಯಕ ಮಕ್ಕಳಿಗೆ ತೋರಿಸುವುದಕ್ಕಾಗಿ ಬೇಕೆಂದೇ ಅಪಸ್ವರ ಹಾಡಿದರೆ ಅವನ ಗಾಯನಕ್ಕೆ ಕುಂದಿಲ್ಲ. ಆದರೆ ‘ನಾನು ಬೇಕೆಂದೇ ಕ್ರೂರವಾಗಿ ನಡೆದುಕೊಂಡೆ, ಹೇಗೂ ನನ್ನ ದಯೆಗೆ ಕುಂದಿಲ್ಲ’ ಎಂದು ಯಾರಾದರೂ ಹೇಳಬಲ್ಲರೇ? ಸಂತ ಥಾಮಸ್ ಅಕ್ವೀನಾಸರು ಇದನ್ನೇ ವ್ಯಾಕರಣದ ಉದಾಹರಣೆಯಿಂದ ವಿವರಿಸುತ್ತಾರೆ. ವ್ಯಾಕರಣ ಬಲ್ಲವನಿಗೆ ಸರಿಯಾಗಿ ಮಾತನಾಡುವ ಸಾಮರ್ಥ್ಯವಿದೆ. ಆದರೆ ಅವನು ಸದಾ ಸರಿಯಾಗಿಯೇ ಮಾತನಾಡುವಂತೆ ವ್ಯಾಕರಣವು ಮಾಡಲಾರದು. ಕೌಶಲ ಸಾಮರ್ಥ್ಯವನ್ನು ಕೊಡುತ್ತದೆ. ಆ ಸಾಮರ್ಥ್ಯದ ಒಳ್ಳೆಯ ಬಳಕೆಯನ್ನು ಕೊಡುವುದು ಸದ್ಗುಣ.

ಇದು ಕೇವಲ ಗುರುಮಠದ ತರ್ಕವೆಂದು ತಾವು ಭಾವಿಸಬಾರದು. ಇನ್ನೊಬ್ಬರ ಮನಸ್ಸನ್ನು ಓದಬಲ್ಲವನು ಒಳ್ಳೆಯ ದಾದಿಯಾಗಬಹುದು, ಒಳ್ಳೆಯ ವಂಚಕನೂ ಆಗಬಹುದು. ತರಗತಿಯಲ್ಲಿ ಸಹಪಾಠಿಯನ್ನು ಪೀಡಿಸುವ ಹುಡುಗಿಗೆ ಯಾವ ಮಾತು ಯಾರಿಗೆ ಎಲ್ಲಿ ಚುಚ್ಚುತ್ತದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವಳಲ್ಲಿ ಅರಿವಿನ ಕೊರತೆಯಿಲ್ಲ. ಆ ಅರಿವು ಯಾವ ಕಡೆ ಮುಖ ಮಾಡಿದೆ ಎಂಬುದೇ ಪ್ರಶ್ನೆ.

ಹಾಗಾದರೆ ಕೌಶಲದ ಪಾಠ ವ್ಯರ್ಥವೇ? ಅಲ್ಲ. ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ ಇಂತಹ 213 ಶಾಲಾ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿದ್ದ ವಿದ್ಯಾರ್ಥಿಗಳು 2,70,034. ಪಾಠ ಪಡೆದ ಮಕ್ಕಳ ನಡವಳಿಕೆ ಸುಧಾರಿಸಿತ್ತು. ಓದಿನಲ್ಲಿಯೂ ಅವರು 11 ಪರ್ಸೆಂಟೈಲ್‌ನಷ್ಟು ಮುಂದಿದ್ದರು. ಅಲ್ಲದೆ ಅದೇ ಅರಿಸ್ಟಾಟಲ್ ಇನ್ನೊಂದು ಮಾತನ್ನೂ ಹೇಳಿದ್ದಾನೆ: ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ನಾವು ನ್ಯಾಯವಂತರಾಗುತ್ತೇವೆ. ಕೂಸು ಅರ್ಥ ತಿಳಿಯುವ ಮೊದಲೇ ಕೈ ಜೋಡಿಸುತ್ತದೆ. ಅದನ್ನು ನಾವು ಕಪಟವೆನ್ನುವುದಿಲ್ಲ, ಅಭ್ಯಾಸವೆನ್ನುತ್ತೇವೆ. ಆದುದರಿಂದ ‘ಮನಸ್ಸಿನಿಂದ ಬಾರದ ಮಾತನ್ನು ಮಗುವಿನಿಂದ ಹೇಳಿಸಲೇಬಾರದು’ ಎಂಬ ಈಗಿನ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಅಭ್ಯಾಸ ಮಾಡಿಸಬೇಕು. ಆದರೆ ಯಾವುದರ ಅಭ್ಯಾಸ? ಮೊದಲ ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಪಡಿಸುವಾಗ ನಾವು ಮೂರು ಸಂಗತಿಗಳನ್ನು ಕಲಿಸುತ್ತೇವೆ: ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ. ಬಾಯಿಯ ಮಾತು ಮೂರರಲ್ಲಿ ಒಂದು ಮಾತ್ರ. ಅಂಗಳದಲ್ಲಿ ನಾವು ಅದೊಂದನ್ನೇ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟುಬಿಡುತ್ತೇವೆ. ಆ ತಾಯಿ ಮಗನನ್ನು ಮರಳಿ ಕರೆದು, “ಅವನ ಮುಖ ನೋಡು. ಏನಾಗಿದೆ ಅವನಿಗೆ? ಈಗ ಏನು ಮಾಡೋಣ?” ಎಂದು ಕೇಳಿದರೆ ಐದು ನಿಮಿಷ ಹೆಚ್ಚು ಹಿಡಿದೀತು. ಮಗು ತನ್ನ ಡಬ್ಬಿಯಿಂದ ಒಂದು ಪೆನ್ಸಿಲನ್ನು ತೆಗೆದುಕೊಡಬಹುದು, ಕೊಡದೆ ಹಟ ಹಿಡಿಯಲೂಬಹುದು. ಆದರೂ ಅದರ ಕಣ್ಣು ಆಕಾಶದಿಂದ ಇಳಿದು ಇನ್ನೊಂದು ಮಗುವಿನ ಮುಖದ ಮೇಲೆ ಬಿದ್ದಿರುತ್ತದೆ.

ಇಲ್ಲಿ ನಮ್ಮ ನುಡಿಯ ಬಗ್ಗೆ ಒಂದು ಮಾತು. ‘ಸಾರಿ’ ಎಂಬುದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಮಾತಾಗಿಬಿಟ್ಟಿದೆ. ‘ಕ್ಷಮಿಸಿ’ ಎಂಬುದು ಪತ್ರದ ಭಾಷೆ. ಮನೆಯ ಮಾತು ‘ತಪ್ಪಾಯ್ತು’. ವ್ಯಾಕರಣ ಬಲ್ಲವರು ‘ಮಳೆಯಾಯ್ತು’ ಎಂಬಂತೆ ಇದರಲ್ಲಿ ಮಾಡಿದವನೇ ಇಲ್ಲವಲ್ಲ ಎಂದಾರು. ಆದರೆ ಕನ್ನಡಿಗನ ಬಾಯಿಂದ ಅದು ಒಂಟಿಯಾಗಿ ಬರುವುದು ಕಡಿಮೆ. ‘ನನ್ನಿಂದ ತಪ್ಪಾಯ್ತು, ಇನ್ನು ಮಾಡಲ್ಲ’ ಎಂದು ಅದು ಹಿಂದೆ ಮುಂದೆ ನಂಟರನ್ನು ಕರೆದುಕೊಂಡೇ ಬರುತ್ತದೆ. ಭಾವನೆಗಳ ಹೆಸರುಗಳ ವಿಷಯದಲ್ಲಿಯೂ ಹೀಗೆಯೇ. ಭಾವನೆಯನ್ನು ಹೆಸರಿಸಲು ಬಂದರೆ ಅದನ್ನು ಆಳಲು ಅರ್ಧ ಬಂದಂತೆ ಎಂದು ಈ ಪಾಠಪುಸ್ತಕಗಳು ಹೇಳುತ್ತವೆ, ಅದು ಸರಿಯೇ. ಆದರೆ ಗೋಡೆಯ ಮೇಲೆ ಅಂಟಿಸುವ ಇಂಗ್ಲಿಷ್ ಪಟದಲ್ಲಿ ನಾಲ್ಕೋ ಐದೋ ಮುಖಗಳಿರುತ್ತವೆ. ನಮ್ಮಲ್ಲಿ ಸಿಟ್ಟು ಬೇರೆ, ಸೆಡವು ಬೇರೆ, ಹೊಟ್ಟೆಕಿಚ್ಚು ಬೇರೆ, ಮುನಿಸು ಬೇರೆ. ಮುನಿಸು ಪ್ರೀತಿಯಿದ್ದಲ್ಲಿ ಮಾತ್ರ ಹುಟ್ಟುವ ಕೋಪ. ಯಾರಾದರೂ ಬಂದು ಕರೆಯಲಿ ಎಂದು ಬಾಗಿಲಾಚೆ ಕಾಯುವ ಕೋಪ. ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗನು ಮನೆಯೊಳಗೆ ಬಾರದೆ ಹೊರಗೆ ನಿಂತದ್ದು ಇದೇ ಮುನಿಸಿನಿಂದ. ತಂದೆ ಅವನ ಮೇಲೆ ರೇಗಲಿಲ್ಲ. ಔತಣವನ್ನು ಬಿಟ್ಟು ಎದ್ದು ಹೊರಗೆ ಬಂದನು.

ಕರುಣೆಯ ವಿಷಯವನ್ನೂ ಹೇಳಬೇಕು. ಸಮಾರಿಯದವನು ಗಾಯಗೊಂಡವನನ್ನು ಕಂಡು ಮರುಗಿದನೆಂದು ಹೇಳುವಾಗ ಸಂತ ಲೂಕನು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ಮೂಲ ‘ಕರುಳು’ ಎಂಬರ್ಥದ ಶಬ್ದ. ‘ಕರುಳು ಚುರ್ ಎಂದಿತು’ ಎನ್ನುವ ನಮ್ಮ ಅಜ್ಜಿಯಂದಿರಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳದು.

ಭಾವನೆಗಳನ್ನು ಆಳುವುದು ಎಂದೆನಲ್ಲ, ಅಲ್ಲಿ ಒಂದು ಅಪಾಯವೂ ಇದೆ. ವಿವೇಕವು ಭಾವನೆಗಳನ್ನು ಆಳುವುದು ಒಡೆಯನು ದಾಸನನ್ನು ಆಳುವಂತಲ್ಲ, ರಾಜ್ಯವು ಸ್ವತಂತ್ರ ಪ್ರಜೆಗಳನ್ನು ಆಳುವಂತೆ ಎಂದು ಅರಿಸ್ಟಾಟಲ್‌ನನ್ನು ಅನುಸರಿಸಿ ಅಕ್ವೀನಾಸರು ಹೇಳುತ್ತಾರೆ. ಪ್ರಜೆಗೆ ಎದುರು ಹೇಳುವ ಹಕ್ಕಿದೆ. ಕೆಲವೊಮ್ಮೆ ಮನೆಯಲ್ಲಿ ನಡೆಯುತ್ತಿರುವ ಅನ್ಯಾಯಕ್ಕೆ ಮಗುವಿನ ಕೋಪವೊಂದೇ ಸಾಕ್ಷಿಯಾಗಿರುತ್ತದೆ. ‘ಉಸಿರು ಎಳೆದುಕೊ, ಹತ್ತರವರೆಗೆ ಎಣಿಸು, ಶಾಂತವಾಗು’ ಎಂಬ ಪಾಠ ಜಗಳಗಂಟ ಮಗುವಿಗೆ ಔಷಧ. ಆದರೆ ಹಿರಿಯರೊಬ್ಬರಿಂದ ಹಿಂಸೆಗೊಳಗಾದ ಮಗುವಿಗೆ ಅದೇ ಪಾಠ ಬಾಯಿಗೆ ಬೀಗ. ‘ದೊಡ್ಡವರನ್ನು ಕ್ಷಮಿಸಿಬಿಡು, ಹೊರಗೆ ಹೇಳಬೇಡ’ ಎಂದು ಮಕ್ಕಳಿಗೆ ಹೇಳಿದ ಕಡೆಗಳಲ್ಲೆಲ್ಲ ಏನಾಯಿತು ಎಂಬುದನ್ನು ನಮ್ಮ ಧರ್ಮಸಭೆಯೇ ಲೋಕದ ಹಲವು ದೇಶಗಳಲ್ಲಿ ತಲೆತಗ್ಗಿಸಿ ಕಲಿಯಬೇಕಾಯಿತು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂತಹ ಲೈಂಗಿಕ ಅಪರಾಧವನ್ನು ತಿಳಿದೂ ಮುಚ್ಚಿಡುವುದು ಸ್ವತಃ ಅಪರಾಧ. ಮಗು ನೆಂಟರೊಬ್ಬರ ಬಳಿ ಹೋಗಲು ಒಲ್ಲೆನೆಂದರೆ, “ಹಾಗೆಲ್ಲ ಮಾಡಬಾರದು, ಹೋಗಿ ಮುತ್ತು ಕೊಡು” ಎನ್ನುವ ಮೊದಲು ದಯವಿಟ್ಟು ತುಸು ನಿಲ್ಲಿರಿ. ಪ್ರಭು ಯೇಸುವೂ ಜನರ ಹೃದಯಕಾಠಿಣ್ಯವನ್ನು ಕಂಡು ಕೋಪದಿಂದ ಸುತ್ತ ನೋಡಿದರೆಂದು ಸಂತ ಮಾರ್ಕನು ಬರೆದಿದ್ದಾನೆ.

ಕೌಶಲವು ಒಳಿತಿನ ಕಡೆ ಮುಖ ಮಾಡುವುದು ಹೇಗೆ? ಕೆನಡಾದ ಟೊರಾಂಟೊ ನಗರದಲ್ಲಿ ಮೇರಿ ಗಾರ್ಡನ್ ಎಂಬ ಶಿಕ್ಷಣತಜ್ಞೆ 1996ರಲ್ಲಿ ಒಂದು ಕ್ರಮವನ್ನು ಆರಂಭಿಸಿದರು. ತರಗತಿಗೆ ನೆರೆಯ ಮನೆಯ ಎಳೆಗೂಸೊಂದನ್ನು ಅದರ ತಾಯಿಯೋ ತಂದೆಯೋ ವರ್ಷದುದ್ದಕ್ಕೂ ಆಗಾಗ ಕರೆತರುತ್ತಾರೆ. ಹಸಿರು ಕಂಬಳಿಯೊಂದರ ಸುತ್ತ ಮಕ್ಕಳು ಕುಳಿತು ಕೂಸು ಏಕೆ ಅಳುತ್ತಿದೆ, ಯಾವಾಗ ನಕ್ಕಿತು, ಏನು ಬೇಕೆನ್ನುತ್ತಿದೆ ಎಂದು ನೋಡುತ್ತಾರೆ, ಊಹಿಸುತ್ತಾರೆ. ಅಲ್ಲಿ ಪಾಠಪುಸ್ತಕಕ್ಕಿಂತ ಕೂಸೇ ದೊಡ್ಡ ಗುರು. ನಮ್ಮ ಊರುಗಳ ತೊಟ್ಟಿಲ ಮನೆಗಳಲ್ಲಿ ಇದು ಬಿಟ್ಟಿಯಾಗಿಯೇ ಸಿಗುತ್ತಿತ್ತು. ಈಗ ಒಂದೇ ಮಗುವಿರುವ ಮನೆಗಳಲ್ಲಿ ಎಳೆಗೂಸನ್ನು ಒಮ್ಮೆಯೂ ಎತ್ತಿಕೊಳ್ಳದೆ ಎಸ್.ಎಸ್.ಎಲ್.ಸಿ. ಮುಟ್ಟುವವರಿದ್ದಾರೆ. ಓದು ಕೆಡುತ್ತದೆಂದು ಹಾಸಿಗೆ ಹಿಡಿದ ಅಜ್ಜನ ಕೋಣೆಗೂ ನಾವು ಅವರನ್ನು ಬಿಡುವುದಿಲ್ಲ.

ಕೊನೆಗೆ, ದೊಡ್ಡವರಾದ ನಮ್ಮ ವಿಷಯ. “ಮಗನ ಮುಂದೆ ನಾನು ತಪ್ಪಾಯ್ತು ಅಂದರೆ ನಾಳೆ ಅವನು ನನ್ನ ಮಾತು ಕೇಳುತ್ತಾನೆಯೇ ಸ್ವಾಮಿ?” ಎಂದು ತಂದೆಯೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುವಂತಿದೆ. ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಿಹಿಯೊಂದನ್ನು ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುವೆವೆಂದು ಹೇಳಿ ಆತ್ಮಸಂಯಮವನ್ನು ಅಳೆಯುವ ಹಳೆಯ ಪರೀಕ್ಷೆ ಪ್ರಸಿದ್ಧವಾದುದು. ಇವರು ಅದಕ್ಕೆ ಮೊದಲು ಇನ್ನೊಂದು ಹೆಜ್ಜೆಯನ್ನು ಸೇರಿಸಿದರು. 28 ಮಕ್ಕಳಿಗೆ ಬಣ್ಣ ಹಾಕಲು ಹಳೆಯ ಕ್ರೇಯಾನುಗಳನ್ನು ಕೊಟ್ಟು, ತುಸು ಕಾದರೆ ಒಳ್ಳೆಯವನ್ನು ತರುವೆವೆಂದರು. ಆಮೇಲೆ ಸ್ಟಿಕ್ಕರುಗಳ ವಿಷಯದಲ್ಲಿಯೂ ಹಾಗೆಯೇ ಹೇಳಿದರು. ಅರ್ಧದಷ್ಟು ಮಕ್ಕಳಿಗೆ ಮಾತು ಉಳಿಸಿಕೊಂಡರು. ಉಳಿದರ್ಧಕ್ಕೆ ಬರಿಗೈಯಲ್ಲಿ ಮರಳಿದರು. ಅನಂತರ ಸಿಹಿಯ ಪರೀಕ್ಷೆ ನಡೆಯಿತು. ಮಾತು ಉಳಿದ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ ಮಕ್ಕಳು ಸುಮಾರು 3 ನಿಮಿಷ. ನಾವು ಮಗುವಿನ ಸಂಯಮವೆಂದು ಎಣಿಸಿದ್ದರಲ್ಲಿ ದೊಡ್ಡವರ ಮಾತಿನ ಬೆಲೆಯೂ ಸೇರಿಕೊಂಡಿತ್ತು.

ನಾನು ಆ ತಂದೆಗೆ ಹೇಳಿದ ಸಂಗತಿ ಮುಂದಿನದು. ಆ ಪ್ರಯೋಗದಲ್ಲಿ ಬರಿಗೈಯಲ್ಲಿ ಮರಳಿದ ಸಂಶೋಧಕಿ ಸುಮ್ಮನೆ ಮರಳಿರಲಿಲ್ಲ. ತಪ್ಪಾಯಿತು, ಬೇರೆ ಬಣ್ಣಗಳು ಇಲ್ಲ ಎಂದು ಮಗುವಿನ ಕ್ಷಮೆ ಕೇಳಿಯೇ ಹಳೆಯ ಕ್ರೇಯಾನುಗಳನ್ನು ಮುಂದೆ ಸರಿಸಿದ್ದಳು. ಆದರೂ ಮಕ್ಕಳು ಕಾಯಲಿಲ್ಲ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಶನಿವಾರ ಅವನನ್ನು ಕೆರೆಗೆ ಕರೆದುಕೊಂಡು ಹೋಗಲೇಬೇಕು ಅನ್ನಿ” ಎಂದರು. ಮಗನಿಗೆ ಗಾಳ ಹಾಕುವುದನ್ನು ಕಲಿಸುತ್ತೇನೆಂದು ಅವರು ಮಾತು ಕೊಟ್ಟು ಆಗಲೇ ಮೂರು ಶನಿವಾರಗಳು ಕಳೆದಿದ್ದವಂತೆ.