ದಾನದ ಹಸುವಿನ ಹಲ್ಲು

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಪುಕ್ಕಟೆಯಾಗಿ ಬಂದದ್ದರಲ್ಲಿ ಕೊರತೆ ಹುಡುಕಬಾರದು ಎಂಬುದು ಅದರ ಅರ್ಥ. ಸಭ್ಯತೆಯ ಮಾತೇನೋ ಹೌದು. ಆದರೆ ಹಸು ಹಾಲು ಕೊಡದಿದ್ದರೆ ಅದಕ್ಕೆ ಮೇವು ಹಾಕುವವರು ಯಾರು ಎಂದು ಈ ಗಾದೆ ಕೇಳುವುದಿಲ್ಲ. ನಮ್ಮ ಊರುಗಳ ಶಾಲೆ, ವಾಚನಾಲಯ, ಸಂಘಗಳ ಕೋಣೆಗಳಲ್ಲಿ ಯಾರೋ ಉದಾರಿಗಳು ಕೊಟ್ಟ ಕಂಪ್ಯೂಟರುಗಳು ಬಟ್ಟೆಯ ಮುಸುಕು ಹೊದ್ದು ಕುಳಿತಿರುವುದನ್ನು ನಾವು ಕಂಡಿದ್ದೇವೆ. ಕೊಟ್ಟ ದಿನದ ಫೋಟೊ ಗೋಡೆಯ ಮೇಲಿರುತ್ತದೆ. ಕಂಪ್ಯೂಟರ್ ಮಾತ್ರ ತೆರೆದುಕೊಳ್ಳುವುದಿಲ್ಲ.

ಈ ಗಾದೆ ಮತ್ತೆ ನೆನಪಾದದ್ದು ಅಮೆರಿಕದ ಕಾನೂನು ನೆರವಿನ ಬಗ್ಗೆ ಓದುತ್ತಿದ್ದಾಗ. ಅಲ್ಲಿ ಬಡವರ ಪರವಾಗಿ ಉಚಿತವಾಗಿ ವಕಾಲತ್ತು ನಡೆಸುವ ಸಂಸ್ಥೆಗಳಿವೆ. ಅವುಗಳ ಕಂಪ್ಯೂಟರ್ ವ್ಯವಸ್ಥೆಯನ್ನು ಸರಿಪಡಿಸಲು, ಅರ್ಜಿ ನಮೂನೆಗಳನ್ನು ತಂತ್ರಾಂಶಕ್ಕೆ ಇಳಿಸಲು, ದೂರವಾಣಿಯಲ್ಲಿ ಬರುವ ದೂರುಗಳನ್ನು ದಾಖಲಿಸುವ ಕ್ರಮವನ್ನು ಸುಧಾರಿಸಲು ದೊಡ್ಡ ಖಾಸಗಿ ವಕೀಲಿ ಸಂಸ್ಥೆಗಳ ಜನ ಸ್ವಯಂಸೇವಕರಾಗಿ ಬರುತ್ತಾರೆ. ವಕೀಲರಷ್ಟೇ ಅಲ್ಲ, ಆ ಸಂಸ್ಥೆಗಳ ಕಂಪ್ಯೂಟರ್ ವಿಭಾಗದವರೂ ಬರುತ್ತಾರೆ. ನೋಡಲು ಇದು ಆಡಳಿತದ ಸಣ್ಣ ಸಂಗತಿ. ಆದರೆ ಇದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ: ಹಣ ಪಡೆಯದೆ ಕೊಟ್ಟವನಿಗೆ, ಕೊಟ್ಟ ನಂತರವೂ ಹೊಣೆ ಇರುತ್ತದೆಯೇ?

ಮೊದಲು ಅಲ್ಲಿನ ಪರಿಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. 1962ರಲ್ಲಿ ಫ್ಲಾರಿಡಾದ ಸೆರೆಮನೆಯಿಂದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಕೈದಿ ಸೆರೆಮನೆಯ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಸುಪ್ರೀಂ ಕೋರ್ಟಿಗೆ ಅರ್ಜಿ ಕಳಿಸಿದ. ವಕೀಲನನ್ನಿಡಲು ತನ್ನಲ್ಲಿ ಹಣವಿಲ್ಲ, ಕೇಳಿದರೆ ನ್ಯಾಯಾಲಯ ಕೊಡಲಿಲ್ಲ ಎಂಬುದು ಅವನ ತಕರಾರು. 1963ರಲ್ಲಿ ಕೋರ್ಟು ಅವನ ಮಾತನ್ನು ಒಪ್ಪಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದಿತು. ಮರುವಿಚಾರಣೆಯಲ್ಲಿ ವಕೀಲನ ನೆರವು ದೊರೆತಾಗ ಗಿಡಿಯನ್ ಖುಲಾಸೆಯಾದ. ಆದರೆ ಈ ಹಕ್ಕು ಕ್ರಿಮಿನಲ್ ಮೊಕದ್ದಮೆಗೆ ಮಾತ್ರ. ಬಾಡಿಗೆ ಮನೆಯಿಂದ ಹೊರಹಾಕುವ ನೋಟೀಸು ಬಂದರೆ, ಗಂಡನ ಹೊಡೆತದಿಂದ ರಕ್ಷಣೆ ಬೇಕಾದರೆ, ಸಂಬಳ ಕೊಡದ ಮಾಲೀಕನ ಮೇಲೆ ದಾವೆ ಹೂಡಬೇಕಾದರೆ ವಕೀಲನನ್ನು ಪಡೆಯುವ ಸಾಮಾನ್ಯ ಹಕ್ಕು ಅಲ್ಲಿಲ್ಲ. ಬಾಡಿಗೆದಾರರಿಗೆ ಇಂಥ ಹಕ್ಕನ್ನು ಕಾನೂನಿನಿಂದಲೇ ಕೊಟ್ಟ ಮೊದಲ ನಗರ ನ್ಯೂಯಾರ್ಕ್, ಅದೂ 2017ರಲ್ಲಿ.

ಈ ಕೊರತೆಯನ್ನು ತುಂಬಲು 1974ರಲ್ಲಿ ಅಮೆರಿಕದ ಸಂಸತ್ತು ಲೀಗಲ್ ಸರ್ವೀಸಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಅದು ದೇಶದಾದ್ಯಂತ ಸುಮಾರು 130 ಸ್ವತಂತ್ರ ನೆರವು ಸಂಸ್ಥೆಗಳಿಗೆ ಹಣ ಹಂಚುತ್ತದೆ. 2024ರಲ್ಲಿ ಅದಕ್ಕೆ ದೊರೆತದ್ದು 56 ಕೋಟಿ ಡಾಲರ್. ಅಷ್ಟು ದೊಡ್ಡ ದೇಶಕ್ಕೆ ಇದು ಏನೂ ಅಲ್ಲ. ಅಲ್ಪ ಆದಾಯದವರ ಸಿವಿಲ್ ಸಮಸ್ಯೆಗಳಲ್ಲಿ ಶೇಕಡಾ 92ರಷ್ಟಕ್ಕೆ ನೆರವು ಸಿಗುವುದೇ ಇಲ್ಲ, ಇಲ್ಲವೇ ಸಾಕಷ್ಟು ಸಿಗುವುದಿಲ್ಲ ಎಂದು ಆ ಸಂಸ್ಥೆಯೇ 2022ರ ವರದಿಯಲ್ಲಿ ಹೇಳಿಕೊಂಡಿದೆ. ಸಾಲದೆಂಬಂತೆ, 2017ರಲ್ಲೂ 2025ರಲ್ಲೂ ಶ್ವೇತಭವನ ಈ ಸಂಸ್ಥೆಯ ಅನುದಾನವನ್ನೇ ಕೊನೆಗಾಣಿಸುವ ಪ್ರಸ್ತಾಪ ಮುಂದಿಟ್ಟಿತು.

ಎದುರು ಪಕ್ಷದ ಬಳಿ ಏನಿದೆ? ಅಲ್ಲಿ ಯಂತ್ರವಿದೆ. 2008ರ ಆರ್ಥಿಕ ಕುಸಿತದ ನಂತರ ಬ್ಯಾಂಕುಗಳು ಸಾಲಗಾರರ ಮನೆಗಳನ್ನು ಜಪ್ತಿ ಮಾಡತೊಡಗಿದಾಗ ನಡೆದದ್ದು ನೆನಪಿರಬಹುದು. ಒಬ್ಬೊಬ್ಬ ನೌಕರ ತಿಂಗಳಿಗೆ ಸಾವಿರಾರು ಪ್ರಮಾಣಪತ್ರಗಳಿಗೆ ಓದದೆಯೇ ಸಹಿ ಹಾಕುತ್ತಿದ್ದ ಸಂಗತಿ 2010ರಲ್ಲಿ ಬಯಲಾಯಿತು. ಅದಕ್ಕೆ ರೋಬೊ ಸೈನಿಂಗ್ ಎಂಬ ಹೆಸರೇ ಬಿತ್ತು. 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 49 ರಾಜ್ಯಗಳೊಂದಿಗೆ 2,500 ಕೋಟಿ ಡಾಲರುಗಳ ರಾಜಿ ಮಾಡಿಕೊಳ್ಳಬೇಕಾಯಿತು. ಮನೆ ಕಳೆದುಕೊಳ್ಳುವವನ ಕೈಯಲ್ಲಿ ಇನ್ನೂ ಗಿಡಿಯನ್ನನ ಪೆನ್ಸಿಲ್ಲೇ ಇತ್ತು. ಕಳೆದುಕೊಳ್ಳುವಂತೆ ಮಾಡುವವನು ಒಂದೇ ದಿನದಲ್ಲಿ ನೂರಾರು ದಾವೆ ಹೂಡಬಲ್ಲವನಾಗಿದ್ದ. ಆದ್ದರಿಂದ ಬಡವರ ವಕೀಲರಿಗೂ ಯಂತ್ರ ಬೇಕು ಎಂಬ ಮಾತಿಗೆ ನಮ್ಮ ಆಕ್ಷೇಪವಿಲ್ಲ. ಅದು ಷೋಕಿಯಲ್ಲ, ಅಗತ್ಯ.

ಆ ದೇಶದವರು ಇದನ್ನು ಬೇಗ ಅರಿತುಕೊಂಡರು. 2000ದಿಂದಲೇ ನೆರವು ಸಂಸ್ಥೆಗಳ ತಂತ್ರಜ್ಞಾನಕ್ಕೆಂದು ಪ್ರತ್ಯೇಕ ಅನುದಾನ ಶುರುವಾಯಿತು. ಷಿಕಾಗೊ-ಕೆಂಟ್ ಕಾನೂನು ಕಾಲೇಜು ಮತ್ತಿತರರು ಸೇರಿ ರೂಪಿಸಿದ ಒಂದು ತಂತ್ರಾಂಶವಿದೆ. ಪರದೆಯ ಮೇಲೆ ಒಂದು ದಾರಿ, ದಾರಿಯ ಕೊನೆಯಲ್ಲಿ ನ್ಯಾಯಾಲಯದ ಕಟ್ಟಡ, ಜೊತೆಗೊಬ್ಬ ಮಾರ್ಗದರ್ಶಿಯ ಚಿತ್ರ. ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಾ ಹೋದರೆ ಕೊನೆಯಲ್ಲಿ ಭರ್ತಿಯಾದ ಅರ್ಜಿ ಕೈಗೆ ಬರುತ್ತದೆ. ನ್ಯಾಯಾಲಯವೆಂದರೆ ಹೆದರುವವರಿಗೆ ಆ ದಾರಿಯ ಚಿತ್ರವೇ ಒಂದು ಧೈರ್ಯ. ನಮಗೆ ಅದು ಬಹಳ ಹಿಡಿಸಿತು.

ಖಾಸಗಿ ವಕೀಲಿ ಸಂಸ್ಥೆಗಳು ಈ ಕೆಲಸಕ್ಕೆ ಬಂದದ್ದು ಸಹಜವೇ. ಪ್ರತಿ ವಕೀಲ ವರ್ಷಕ್ಕೆ 50 ಗಂಟೆ ಉಚಿತ ಸೇವೆ ಸಲ್ಲಿಸಲು ಯತ್ನಿಸಬೇಕೆಂದು ಅಲ್ಲಿನ ವಕೀಲರ ಸಂಘದ ಮಾದರಿ ನಿಯಮ ಹೇಳುತ್ತದೆ. ಅದು ಕಡ್ಡಾಯವಲ್ಲ, ಆಶಯ. ಇದನ್ನೇ ಪ್ರೊ ಬೊನೊ ಎನ್ನುತ್ತಾರೆ. ಸಾರ್ವಜನಿಕರ ಒಳಿತಿಗಾಗಿ ಎಂಬುದು ಆ ಲ್ಯಾಟಿನ್ ಮಾತಿನ ಪೂರ್ಣ ಅರ್ಥ. ಸರ್ಕಾರಿ ಅನುದಾನ ಪಡೆಯುವ ನೆರವು ಸಂಸ್ಥೆಗಳೂ ತಮ್ಮ ಮೂಲ ಅನುದಾನದ ಶೇಕಡಾ 12.5ಕ್ಕೆ ಸಮನಾದ ಮೊತ್ತವನ್ನು ಖಾಸಗಿ ವಕೀಲರನ್ನು ತೊಡಗಿಸುವುದಕ್ಕೆ ಖರ್ಚು ಮಾಡಬೇಕೆಂಬ ನಿಯಮವಿದೆ. ಆದರೆ ಕಂಪನಿಗಳ ವಿಲೀನ, ಷೇರು ವ್ಯವಹಾರಗಳಲ್ಲಿ ಪಳಗಿದ ವಕೀಲನಿಗೆ ಬಾಡಿಗೆ ನ್ಯಾಯಾಲಯದ ಬಾಗಿಲು ಯಾವ ಕಡೆಗಿದೆ ಎಂಬುದೇ ಗೊತ್ತಿರುವುದಿಲ್ಲ. ಅವನ ಸಂಸ್ಥೆಯ ತಂತ್ರಾಂಶ ವಿಭಾಗದ ನೌಕರನಿಗಾದರೋ ಸಾವಿರ ಪುಟಗಳ ಕಡತವನ್ನು ಹುಡುಕಿ ಜೋಡಿಸುವ ವಿದ್ಯೆ ಗೊತ್ತು. ನೆರವು ಸಂಸ್ಥೆಗೆ ಯಾರ ಸಮಯ ಹೆಚ್ಚು ಬೆಲೆಯದು? ಎರಡನೆಯವನದೇ ಎಂದು ನಮಗೆ ತೋರುತ್ತದೆ. ವಿಚಿತ್ರವೆಂದರೆ, 50 ಗಂಟೆಗಳ ನಿಯಮ ಮಾತನಾಡುವುದು ವಕೀಲರ ಗಂಟೆಗಳ ಬಗ್ಗೆ ಮಾತ್ರ.

ಇಲ್ಲಿಯವರೆಗೆ ಎಲ್ಲವೂ ಸರಿ. ತೊಡಕು ಇರುವುದು ಮುಂದೆ.

ಬ್ಯಾಂಕುಗಳು ಮನೆ ಜಪ್ತಿ ಮಾಡುತ್ತಿದ್ದ ಆ ವರ್ಷಗಳಲ್ಲಿ, ಮನೆ ಕಳೆದುಕೊಳ್ಳುವವರ ಪರ ವಕಾಲತ್ತು ವಹಿಸಲು ಹಲವು ದೊಡ್ಡ ಸಂಸ್ಥೆಗಳಿಗೆ ಸಾಧ್ಯವಾಗಲಿಲ್ಲ. ಕಾರಣ ಸರಳ: ಬ್ಯಾಂಕುಗಳೇ ಅವುಗಳ ಕಕ್ಷಿದಾರರು. ವಕೀಲ ವೃತ್ತಿಯ ನಿಯಮದಂತೆ ಒಬ್ಬನ ಪರ ನಿಂತವನು ಅವನ ವಿರುದ್ಧವೂ ನಿಲ್ಲುವಂತಿಲ್ಲ; ಇದು ಸರಿಯಾದ ನಿಯಮವೇ. ತಂತ್ರಜ್ಞಾನದ ಸೇವೆಗೆ ಈ ಅಡ್ಡಿ ಬಹುಮಟ್ಟಿಗೆ ಇಲ್ಲ. ಅರ್ಜಿಯ ತಂತ್ರಾಂಶ ಮಾಡಿಕೊಟ್ಟರೆ ಯಾರ ವಿರುದ್ಧವೂ ನ್ಯಾಯಾಲಯದಲ್ಲಿ ನಿಂತ ಹಾಗಾಗುವುದಿಲ್ಲ. ಹಾಗಾದರೆ ಇದು ಸೇವೆಯೋ, ನುಣುಚಿಕೊಳ್ಳುವ ಉಪಾಯವೋ? ಬಡವನ ಪಕ್ಕದಲ್ಲಿ ನಿಲ್ಲಲಾರದವನು ಅವನಿಗೆ ಒಂದು ಊರುಗೋಲು ಕಳಿಸಿಕೊಟ್ಟ ಹಾಗಲ್ಲವೇ?

ನಾವು ಇದನ್ನು ಬಹಳ ಹೊತ್ತು ಯೋಚಿಸಿದೆವು. ಊರುಗೋಲೂ ಉಪಯೋಗದ ವಸ್ತುವೇ. ಕೊಟ್ಟವನ ಮನಸ್ಸು ಪೂರ್ತಿ ಶುದ್ಧವಾಗಿರಲಿ ಎಂದು ಕಾಯುತ್ತಾ ಕುಂಟುವವನನ್ನು ನೆಲದ ಮೇಲೆ ಬಿಡುವುದು ನ್ಯಾಯವಲ್ಲ. ಆದರೆ ಒಂದು ಮಾತನ್ನು ಬಿಡಲಾಗದು. 1996ರಲ್ಲಿ ಅಮೆರಿಕದ ಸಂಸತ್ತು, ತನ್ನ ಅನುದಾನ ಪಡೆಯುವ ನೆರವು ಸಂಸ್ಥೆಗಳು ಸಾಮೂಹಿಕ ದಾವೆಗಳನ್ನು ಹೂಡದಂತೆ ನಿಷೇಧ ಹಾಕಿತು. ಅಂದರೆ ಒಬ್ಬ ಮಾಲೀಕ ಸಾವಿರ ಬಾಡಿಗೆದಾರರಿಗೆ ಅನ್ಯಾಯ ಮಾಡಿದರೆ, ಸಾವಿರ ಜನರ ಪರವಾಗಿ ಒಂದು ದಾವೆ ಹೂಡುವ ದಾರಿ ಆ ಸಂಸ್ಥೆಗಳಿಗೆ ಮುಚ್ಚಿತು. ಉಳಿದದ್ದು ಸಾವಿರ ಜನ ಸಾವಿರ ಅರ್ಜಿ ತುಂಬುವ ದಾರಿ. ತಂತ್ರಾಂಶ ಆ ಸಾವಿರ ಅರ್ಜಿಗಳನ್ನು ಸುಲಭ ಮಾಡಿಕೊಡುತ್ತದೆ, ನಿಜ. ಆದರೆ ಒಂದೇ ಒಂದು ದಾವೆ ಸಾಕಾಗಿತ್ತು ಎಂಬ ಮಾತನ್ನು ಮರೆಸಿಬಿಡುತ್ತದೆ. ಸ್ವಯಂಸೇವಕರನ್ನು ನಾವು ದೂರುತ್ತಿಲ್ಲ. ಸರ್ಕಾರ ಕೈ ಹಿಂತೆಗೆದುಕೊಂಡ ಜಾಗದಲ್ಲಿ ಅವರು ಕೈ ಇಟ್ಟಿದ್ದಾರೆ; ಸರ್ಕಾರ ಅದನ್ನೇ ತೋರಿಸಿ ಇನ್ನಷ್ಟು ಹಿಂತೆಗೆದುಕೊಳ್ಳಬಾರದಷ್ಟೆ.

ಈಗ ಹೊಣೆಯ ಪ್ರಶ್ನೆಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಮನೆ ತೆರವಿನ ದಾವೆಗೆ ಬಾಡಿಗೆದಾರ ಐದು ದಿನಗಳಲ್ಲಿ ಉತ್ತರ ಕೊಡಬೇಕಿತ್ತು. ರಜಾದಿನಗಳು ಲೆಕ್ಕಕ್ಕಿಲ್ಲ, ನ್ಯಾಯಾಲಯ ತೆರೆದಿರುವ ದಿನಗಳು ಮಾತ್ರ. 2025ರ ಜನವರಿ 1ರಿಂದ ಅದು ಹತ್ತು ದಿನವಾಯಿತು. ಒಳ್ಳೆಯ ಬದಲಾವಣೆ. ಈಗ ಹೀಗೆ ಊಹಿಸಿ: ಯಾರೋ ಸ್ವಯಂಸೇವಕರು ಕೆಲವು ವರ್ಷಗಳ ಹಿಂದೆ ಬಹು ಶ್ರಮದಿಂದ ಒಂದು ತಂತ್ರಾಂಶ ಮಾಡಿಕೊಟ್ಟಿದ್ದಾರೆ. ಮಾಡಿದವರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ನೆರವು ಸಂಸ್ಥೆಯಲ್ಲಿ ಅದನ್ನು ತಿದ್ದಬಲ್ಲವರಿಲ್ಲ. ಏಳನೆಯ ದಿನ ಒಬ್ಬ ತಾಯಿ ನೋಟೀಸು ಹಿಡಿದುಕೊಂಡು ಪರದೆಯ ಮುಂದೆ ಕೂರುತ್ತಾಳೆ. ನಿಮ್ಮ ಗಡುವು ಮುಗಿದಿದೆ ಎನ್ನುತ್ತದೆ ಯಂತ್ರ. ಅವಳು ಎದ್ದು ಹೋಗಿ ಮನೆಯ ಸಾಮಾನು ಕಟ್ಟುತ್ತಾಳೆ. ಇನ್ನೂ ಮೂರು ದಿನ ಇತ್ತು ಎಂದು ಅವಳಿಗೆ ಹೇಳುವವರಿಲ್ಲ.

ಇಲ್ಲಿ ತಪ್ಪು ಯಾರದು? ಕಾನೂನಿನ ಕಣ್ಣಿನಲ್ಲಿ ಬಹುಶಃ ಯಾರದೂ ಅಲ್ಲ. ಉಚಿತವಾಗಿ ಮಾಡಿಕೊಟ್ಟವರನ್ನು ಹಿಡಿದು ಕೇಳುವುದಾದರೂ ಹೇಗೆ? ಆದರೆ ನೀತಿಯ ಲೆಕ್ಕ ಬೇರೆ. ಹಸಿದವನಿಗೆ ಅನ್ನ ಕೊಟ್ಟರೆ ಅವನು ಉಂಡು ಎದ್ದಾಗ ಕೊಟ್ಟವನ ಹೊಣೆ ಮುಗಿಯುತ್ತದೆ. ಬಾವಿ ತೋಡಿಸಿಕೊಟ್ಟವನ ಸಂಗತಿ ಹಾಗಲ್ಲ. ಜನ ಹಳೆಯ ಕೆರೆಯ ದಾರಿ ಬಿಟ್ಟು ಆ ಬಾವಿಯನ್ನೇ ನಂಬುತ್ತಾರೆ. ನೀರು ಕೆಟ್ಟಿದೆಯೇ ಎಂದು ನೋಡುವ ಏರ್ಪಾಡು ಮಾಡದೆ ಹೋದರೆ ಬಾವಿಯೇ ಇಲ್ಲದಿದ್ದರೆ ಚೆನ್ನಾಗಿತ್ತು ಎನ್ನುವ ದಿನ ಬರುತ್ತದೆ. ನಂಬಿಕೆಯನ್ನು ಹುಟ್ಟಿಸಿದವನು ಅದರ ಪಾಲಕನೂ ಆಗಬೇಕು. ಹಣ ಪಡೆದಿಲ್ಲ ಎಂಬುದು ಇದಕ್ಕೆ ರಿಯಾಯಿತಿಯಲ್ಲ. ಹಣ ಕೊಟ್ಟವನು ಬೇರೆ ಅಂಗಡಿಗೆ ಹೋಗಬಲ್ಲ. ಪುಕ್ಕಟೆ ಪಡೆದವನಿಗೆ ಬೇರೆ ಅಂಗಡಿಯೇ ಇಲ್ಲ. ಆದ್ದರಿಂದ ಅವನ ವಿಷಯದಲ್ಲಿ ಹೊಣೆ ಹೆಚ್ಚು, ಕಡಿಮೆಯಲ್ಲ.

ಇನ್ನೊಂದು ಸಂಗತಿಯೂ ಇದಕ್ಕೆ ಸೇರಿದ್ದು. ನೆರವು ಸಂಸ್ಥೆಯ ಕಡತದಲ್ಲಿ ಇರುವುದು ಬರೀ ಮಾಹಿತಿಯಲ್ಲ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡವಳ ಹೊಸ ವಿಳಾಸ, ಕಾಗದಪತ್ರವಿಲ್ಲದ ವಲಸಿಗನ ಹೆಸರು, ಒಬ್ಬನ ಕಾಯಿಲೆ, ಇನ್ನೊಬ್ಬನ ಸಾಲ ಎಲ್ಲ ಅಲ್ಲಿರುತ್ತವೆ. ವ್ಯವಸ್ಥೆ ಸರಿಪಡಿಸಲು ಬರುವವನು ಅವನ್ನೆಲ್ಲ ಮುಟ್ಟುತ್ತಾನೆ. ನಮ್ಮ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಮೂಲದ ಅರಬಿ ಮಾತಿಗೆ ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥ. ಪದ ನಮ್ಮಲ್ಲಿಗೆ ಬರುವಾಗ ದಾರಿಯಲ್ಲಿ ಏನನ್ನೋ ಕಳೆದುಕೊಂಡಿತು. ಬಡವರ ಕಡತ ಆ ಹಳೆಯ ಅರ್ಥದ ಅಮಾನತು.

ಹಾಗಾದರೆ ಕೊಡುಗೆಯನ್ನು ಬೇಡವೆನ್ನಬೇಕೇ? ಖಂಡಿತ ಅಲ್ಲ. ಹಲ್ಲು ಎಣಿಸಿ ತೆಗೆದುಕೊಳ್ಳಬೇಕು. ಮುಂದಿನ ವರ್ಷ ಇದನ್ನು ಯಾರು ನೋಡಿಕೊಳ್ಳುತ್ತಾರೆ, ಕಾನೂನು ಬದಲಾದರೆ ಯಾರು ತಿದ್ದುತ್ತಾರೆ, ನಮ್ಮ ಹುಡುಗರಿಗೆ ಕಲಿಸಿಕೊಡುತ್ತೀರಾ ಎಂದು ಕೇಳುವ ಧೈರ್ಯ ಪಡೆಯುವವನಿಗೆ ಬೇಕು. ಕೇಳಿದರೆ ಮುನಿಸಿಕೊಳ್ಳದ ದೊಡ್ಡತನ ಕೊಡುವವನಿಗೆ ಬೇಕು. ಸ್ವಯಂಸೇವಕ ಒಂದು ಸಾಲು ತಂತ್ರಾಂಶ ಬರೆಯುವ ಮೊದಲು ದೂರವಾಣಿ ಎತ್ತುವ ಗುಮಾಸ್ತೆಯ ಪಕ್ಕದಲ್ಲಿ ಒಂದು ವಾರ ಕೂತಿರಲಿ. ಅಳುತ್ತಾ ಮಾತನಾಡುವವರು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಕೊಡುವುದಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ಅದು ಯಾವ ವಕೀಲಿ ಸಂಸ್ಥೆಯ ಹವಾನಿಯಂತ್ರಿತ ಕೋಣೆಯಲ್ಲೂ ತಿಳಿಯುವುದಿಲ್ಲ.

ನಮ್ಮ ದೇಶದ ಮಾತು ಬೇರೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಕರ್ತವ್ಯವೆಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ನೆರವಿಗೆ ಅರ್ಹರು. ಸಿವಿಲ್ ದಾವೆಯಾದರೂ ಸರಿ. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ. 2017ರಲ್ಲಿ ದೂರದಿಂದಲೇ ಸಲಹೆ ಕೊಡುವ ಟೆಲಿ-ಲಾ ಯೋಜನೆ, ವಕೀಲರ ಉಚಿತ ಸೇವೆಯನ್ನು ಒಟ್ಟುಗೂಡಿಸುವ ನ್ಯಾಯಬಂಧು ಎರಡೂ ಆರಂಭವಾದವು. ಇನ್ನು ಬೆಂಗಳೂರಿನಲ್ಲಿ ದೊಡ್ಡ ವಕೀಲಿ ಸಂಸ್ಥೆಗಳಿಗೂ ಕಂಪ್ಯೂಟರ್ ಬಲ್ಲವರಿಗೂ ಬರವಿಲ್ಲ.

ಅವರಲ್ಲಿ ಯಾರಾದರೂ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ನೆರವಾಗಲು ಹೊರಟರೆ ಹೊಸ ಆ್ಯಪ್ ಒಂದರ ಹೆಸರಿನೊಂದಿಗೆ ಹೋಗುವುದು ಬೇಡ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾದ ಕನ್ನಡದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಲಿ. ಅರ್ಜಿದಾರಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಹೆಸರು ಹಾಕಿ ಹುಡುಕಿದರೆ ಅವಳು ಸಿಗುವುದಿಲ್ಲ. ಅಂಥ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ತಪ್ಪಿದ್ದನ್ನು ಕಣ್ಣಿಟ್ಟು ತಿದ್ದಿ, ಆ ಕೆಲಸವನ್ನು ಅಲ್ಲಿನ ಗುಮಾಸ್ತರಿಗೂ ಕಲಿಸಿಕೊಟ್ಟು ಬರುವುದಕ್ಕೆ ಕೆಲವು ತಿಂಗಳು ಬೇಕಾಗಬಹುದು. ಅದಕ್ಕೆ ಉದ್ಘಾಟನೆಯೂ ಇರುವುದಿಲ್ಲ, ಫೋಟೊವೂ ಇರುವುದಿಲ್ಲ.